ಬೂಸ್ಟರ್ ಬೇಡ, ಸ್ಟಿಕ್ಕರ್ ಬೇಡ, ಅಕ್ಕಿ ಡಬ್ಬವೂ ಬೇಡ

ಫೋನು, ಸಿಮ್ಮು, ಇಂಟರ್ನೆಟ್ಟಿನ ಬಗ್ಗೆ ಕೊಡಗಿನ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಜಾಗದ ಬಹುಪಾಲನ್ನು ಮೊದಲ ಪ್ರಶ್ನೆಯೇ ತಿಂದಿದೆ. ಮಳೆಗಾಲ ಹತ್ತಿರ ಬಂದಾಗಲೆಲ್ಲ ಊರಿನ ಹೆಸರು ಬದಲಾಗಿ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಇನ್ನಾದರೂ ನಿಲ್ಲಲಿ ಎಂದು ಉದ್ದವಾಗಿಯೇ ಬರೆದಿದ್ದೇನೆ.

ಮಾದಾಪುರದ ಹತ್ತಿರ ನಮ್ಮ ತೋಟದ ಮನೆ. ಕಾಫಿ ಕಣಕ್ಕೆ ಬಂದರೆ ಎರಡು ಕಡ್ಡಿ ಸಿಗ್ನಲ್, ಮನೆಯೊಳಗೆ ಏನೂ ಇಲ್ಲ. ಮಳೆ ಹಿಡಿದರೆ ಕಣದಲ್ಲೂ ಇಲ್ಲ. ಆನ್‌ಲೈನ್‌ನಲ್ಲಿ ಐದು ಸಾವಿರಕ್ಕೆ ಬೂಸ್ಟರ್ ಸಿಗುತ್ತದೆ, ಪಕ್ಕದ ತೋಟದವರು ಹಾಕಿಸಿದ್ದಾರೆ. ಯಾವ ಕಂಪನಿಯದು ಒಳ್ಳೆಯದು?

ಯಾವುದೂ ಅಲ್ಲ. ಖಾಸಗಿಯವರು ಮೊಬೈಲ್ ಸಿಗ್ನಲ್ ಬೂಸ್ಟರ್ ಅಥವಾ ರಿಪೀಟರ್ ಹಾಕಿಕೊಳ್ಳುವುದು ಕಾನೂನುಬಾಹಿರ. ದೂರಸಂಪರ್ಕ ಇಲಾಖೆ ಇದನ್ನು ಹಲವು ಸಲ ಹೇಳಿದೆ, ಹುಡುಕಿ ಕಳಚಿಯೂ ಹಾಕಿದೆ. ಆನ್‌ಲೈನ್‌ನಲ್ಲಿ ಮಾರುತ್ತಾರೆ ಎಂಬುದು ಪರವಾನಗಿ ಇದೆ ಎಂಬುದಕ್ಕೆ ಸಾಕ್ಷಿಯಲ್ಲ.

ಕಾನೂನು ಪಕ್ಕಕ್ಕಿರಲಿ. ಬೂಸ್ಟರ್ ಟವರ್‌ನಿಂದ ಬರುವುದನ್ನಷ್ಟೇ ಹೆಚ್ಚಿಸುವುದಿಲ್ಲ. ನಿಮ್ಮ ಕಡೆಯಿಂದ ಹೋಗುವುದನ್ನೂ, ಜೊತೆಗೆ ತನ್ನದೇ ಗದ್ದಲವನ್ನೂ ಹೆಚ್ಚಿಸಿ ಟವರ್‌ಗೆ ತುಂಬುತ್ತದೆ. ಹೊರಗಿನ ಆಂಟೆನಾಕ್ಕೂ ಒಳಗಿನದಕ್ಕೂ ಸಾಕಷ್ಟು ಅಂತರವಿಲ್ಲದಿದ್ದರೆ, ಮೈಕನ್ನು ಸ್ಪೀಕರ್ ಎದುರು ಹಿಡಿದಾಗ ಕಿರ್‍ರೆನ್ನುವಂತೆ ಇದೂ ತನಗೆ ತಾನೇ ಕಿರುಚಿಕೊಳ್ಳುತ್ತದೆ. ಆ ಕಿರುಚಾಟ ನಿಮಗೆ ಕೇಳಿಸುವುದಿಲ್ಲ, ಟವರ್‌ಗೆ ಕೇಳಿಸುತ್ತದೆ. ದೂರದಿಂದ ಬರುವ ಕ್ಷೀಣ ಫೋನುಗಳ ಸದ್ದು ಅದರಲ್ಲಿ ಮುಳುಗಿಹೋಗುತ್ತದೆ. ನಿಮ್ಮ ಕಣದಲ್ಲಿ ಕಡ್ಡಿ ಇದ್ದೂ ಕರೆ ಹೋಗದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಪಕ್ಕದ ತೋಟದ ಆ ಬೂಸ್ಟರನ್ನೇ.

ಈಗ ಮಾಡಬೇಕಾದ ಕೆಲಸ. ಕಡ್ಡಿ ಎಣಿಸುವುದನ್ನು ಮೊದಲು ಬಿಡಿ. ಎರಡು ಕಡ್ಡಿ ಎಂದರೆ ಎಷ್ಟು ಎಂಬುದು ಫೋನಿನಿಂದ ಫೋನಿಗೆ ಬೇರೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್‌ಗೆ ಹೋದರೆ ಸಿಗ್ನಲ್ ಎಷ್ಟಿದೆ ಎಂಬುದು ಡಿಬಿಎಂ (ಸಿಗ್ನಲ್ ಬಲದ ಅಳತೆ) ಲೆಕ್ಕದಲ್ಲಿ ಸಿಗುತ್ತದೆ. ಐಫೋನ್‌ನಲ್ಲಿ *3001#12345#* ಒತ್ತಿ ಕರೆ ಮಾಡಿ. ಸಂಖ್ಯೆ ಋಣದಲ್ಲಿರುತ್ತದೆ. 4ಜಿಯಲ್ಲಿ –90ರ ಆಸುಪಾಸು ಇದ್ದರೆ ಆರಾಮ, –105 ಸುಮಾರು, –115 ದಾಟಿದರೆ ಕರೆ ಕಡಿದುಹೋಗುವುದಕ್ಕೆ ಆಶ್ಚರ್ಯಪಡಬೇಕಿಲ್ಲ. ಕಣದಲ್ಲಿ, ಜಗಲಿಯಲ್ಲಿ, ಹಾಲ್‌ನಲ್ಲಿ ಒಂದೊಂದು ನಿಮಿಷ ನಿಂತು ಬರೆದುಕೊಳ್ಳಿ. ಜಗಲಿಗೂ ಹಾಲ್‌ಗೂ 20ರಷ್ಟು ವ್ಯತ್ಯಾಸ ಕಂಡರೆ ತಪ್ಪು ಟವರ್‌ನದಲ್ಲ, ಮನೆಯದು. ಸೋರದಿರಲಿ ಎಂದು ತಾರಸಿಯ ಮೇಲೆ ಹೊದಿಸಿದ ಲೋಹದ ಶೀಟು ಮಳೆಯನ್ನು ತಡೆದಷ್ಟೇ ಚೆನ್ನಾಗಿ ಸಿಗ್ನಲ್ಲನ್ನೂ ತಡೆಯುತ್ತದೆ. ಹೆಂಚಿನ ಮನೆಯಲ್ಲಿ ಈ ಕಾಟ ಕಡಿಮೆ.

ಎರಡನೆಯದು, ಯಾವ ಕಂಪನಿಯ ಸಿಗ್ನಲ್ ನಿಮ್ಮ ಮನೆಗೆ ಬರುತ್ತದೆ ಎಂದು ಹುಡುಕುವುದು. ಸಿಮ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಆಯ್ಕೆಯ ‘ಆಟೋಮ್ಯಾಟಿಕ್’ ಆಫ್ ಮಾಡಿ ಎರಡು ಮೂರು ನಿಮಿಷ ಕಾದರೆ ಅಲ್ಲಿ ಸಿಗುವ ಕಂಪನಿಗಳ ಪಟ್ಟಿ ಬರುತ್ತದೆ. ನೋಡಿದ ಮೇಲೆ ಆಟೋಮ್ಯಾಟಿಕ್‌ಗೆ ಮರಳಿಸಿ. ಮರೆತು, ಮಡಿಕೇರಿಗೆ ಹೋದ ಮೇಲೂ ನೆಟ್‌ವರ್ಕ್ ಇಲ್ಲ ಎಂದು ಬರೆಯಬೇಡಿ. ‘ತುರ್ತು ಕರೆ ಮಾತ್ರ’ ಎಂದು ಫೋನ್ ತೋರಿಸಿದರೆ ನಿಮ್ಮ ಕಂಪನಿಯದು ಸತ್ತಿದೆ, ಬೇರೆಯವರ ಟವರ್ ಸಿಗುತ್ತಿದೆ ಎಂದರ್ಥ. 112ಕ್ಕೆ ಆಗಲೂ ಕರೆ ಹೋಗುತ್ತದೆ.

ಮಳೆಗಾಲದಲ್ಲಿ ಕಣದಲ್ಲೂ ಸಿಗದಿರುವುದಕ್ಕೆ ಮೋಡ ಕಾರಣವಲ್ಲ. ಮೊಬೈಲ್ ಬಳಸುವ ತರಂಗಕ್ಕೆ ಮಳೆಹನಿ ದೊಡ್ಡ ಅಡ್ಡಿಯಲ್ಲ. ಅಡ್ಡಿಯಾಗುವುದು ನೆನೆದ ಎಲೆ. ಸಿಲ್ವರ್ ಓಕ್, ಹಲಸು, ಅತ್ತಿಯ ನೆರಳಿನಡಿ ಮನೆಯಿದ್ದರೆ ಟವರ್‌ಗೂ ನಿಮಗೂ ನಡುವೆ ನೂರಾರು ಅಡಿ ದಪ್ಪದ ಒದ್ದೆ ಸೊಪ್ಪು ನಿಂತಿರುತ್ತದೆ. 700, 850, 900 ಮೆಗಾಹರ್ಟ್ಸ್‌ನ ಸಿಗ್ನಲ್ ಇದನ್ನು ಒಂದಷ್ಟು ದಾಟುತ್ತದೆ. 2300ರದು ಸೋಲುತ್ತದೆ, 5ಜಿಯ 3500 ಇನ್ನೂ ಬೇಗ ಸೋಲುತ್ತದೆ. ಹಾಗಾಗಿ ತೋಟದಲ್ಲಿ 5ಜಿ ಬಂದು ಬಂದು ಹೋಗುತ್ತಿದ್ದರೆ ಫೋನನ್ನು 4ಜಿಗೆ ಕಟ್ಟಿಹಾಕಿ, ಬ್ಯಾಟರಿಯೂ ಉಳಿಯುತ್ತದೆ. ಬಿಎಸ್ಸೆನ್ನೆಲ್ 4ಜಿ 700ರಲ್ಲೂ (ಬ್ಯಾಂಡ್ 28) 2100ರಲ್ಲೂ (ಬ್ಯಾಂಡ್ 1) ಇದೆ. ಹಳೆಯ ಫೋನಿಗೆ ಬ್ಯಾಂಡ್ 28 ಇಲ್ಲದಿದ್ದರೆ ಟವರ್ ಎದುರಿಗೇ ಇದ್ದರೂ ಅರ್ಧ ಪ್ರಯೋಜನ ಮಾತ್ರ. ಹೊಸ ಫೋನ್ ಕೊಳ್ಳುವಾಗ ಕ್ಯಾಮೆರಾದ ಮೆಗಾಪಿಕ್ಸೆಲ್ ಕೇಳುವ ಮೊದಲು ಇದನ್ನು ಕೇಳಿ.

ಇನ್ನು ಪರಿಹಾರ: ವೈಫೈ ಕಾಲಿಂಗ್. ಟವರ್ ಇಲ್ಲದೆ, ಮನೆಯ ಇಂಟರ್ನೆಟ್ ಮೂಲಕವೇ ನಿಮ್ಮದೇ ನಂಬರಿನಿಂದ ಮಾಮೂಲಿ ಕರೆ ಹೋಗುತ್ತದೆ, ಬರುತ್ತದೆ. ಬೇರೆ ಆ್ಯಪ್ ಬೇಡ. ಬ್ಯಾಂಕಿನ ಒಟಿಪಿ ಕೂಡ ಸಾಮಾನ್ಯವಾಗಿ ಇದೇ ದಾರಿಯಲ್ಲಿ ಬರುತ್ತದೆ. ಆ ಆಯ್ಕೆ ಎಲ್ಲಿದೆ ಎಂದು ಕೇಳಿ ಪತ್ರ ಬೇಡ. ಸೆಟ್ಟಿಂಗ್ಸ್‌ನ ಹುಡುಕುವ ಪೆಟ್ಟಿಗೆಯಲ್ಲಿ ಹೆಸರು ಹಾಕಿದರೆ ಸಿಗುತ್ತದೆ. 4ಜಿಯಲ್ಲೇ ಕರೆ ಸಾಗಿಸುವ ವೋಲ್ಟಿ (VoLTE) ಕೂಡ ಆನ್ ಇರಬೇಕು. ‘ವೈಫೈಗೆ ಆದ್ಯತೆ’ ಎಂಬ ಆಯ್ಕೆ ಇದ್ದರೆ ಅದನ್ನೇ ಇಡಿ, ಇಲ್ಲದಿದ್ದರೆ –118ರ ಪುಡಿ ಸಿಗ್ನಲ್ಲಿಗೂ ಫೋನ್ ಜೋತುಬಿದ್ದು ಕರೆ ಕೆಡಿಸುತ್ತದೆ. ಪರೀಕ್ಷೆ ಸುಲಭ. ಫ್ಲೈಟ್ ಮೋಡ್ ಹಾಕಿ, ವೈಫೈ ಮಾತ್ರ ಆನ್ ಮಾಡಿ, ಕರೆ ಮಾಡಿ. ಹೋದರೆ ಗೆದ್ದಿರಿ.

ಹೋಗದಿದ್ದರೆ ನೋಡಬೇಕಾದ ಕಾರಣ ನಾಲ್ಕೇ. ಇಂಟರ್ನೆಟ್ಟನ್ನು ಬೇರೆ ಸರ್ವರ್ ಮೂಲಕ ಸುತ್ತಿಸುವ ವಿಪಿಎನ್ ಆನ್ ಇರುವುದು. ಗಲ್ಫ್‌ನಿಂದಲೋ ಇನ್ನೆಲ್ಲಿಂದಲೋ ನೆಂಟರು ತಂದ ಫೋನು. ಇಲ್ಲಿನ ಕಂಪನಿಯ ವೈಫೈ ಕಾಲಿಂಗ್ ಅದರಲ್ಲಿ ತೆರೆದಿರುವುದಿಲ್ಲ. ನಿಮ್ಮ ಸಿಮ್‌ನಲ್ಲಿ ಆ ಸೌಲಭ್ಯ ಚಾಲೂ ಆಗದಿರುವುದು. ಕೊನೆಯದು, ಯಾರೂ ನೋಡದ್ದು: ರೂಟರ್ ಅಥವಾ ಇಂಟರ್ನೆಟ್ ಕೊಡುವವರು ವೈಫೈ ಕಾಲಿಂಗ್ ಸಾಗುವ ದಾರಿಗಳಾದ ಯುಡಿಪಿ 500 ಮತ್ತು 4500 ಪೋರ್ಟ್ ತಡೆದಿರುವುದು. ಇಂಟರ್ನೆಟ್ ಚೆನ್ನಾಗಿದ್ದೂ ಎಲ್ಲರ ಫೋನಿನಲ್ಲೂ ವೈಫೈ ಕಾಲಿಂಗ್ ಸೋತರೆ ಇದೇ ಕಾರಣ. ರೂಟರ್‌ನಲ್ಲಿ ‘ಐಪಿಸೆಕ್ ಪಾಸ್‌ಥ್ರೂ’ ಆನ್ ಮಾಡಿ. ಆಗದಿದ್ದರೆ ಇಂಟರ್ನೆಟ್ ಕೊಟ್ಟವರಿಗೆ ಪೋರ್ಟ್ ನಂಬರ್ ಸಮೇತ ಹೇಳಿ. ‘ಸ್ಪೀಡ್ ಹೆಚ್ಚಿಸಿ’ ಎಂದರೆ ದುಬಾರಿ ಪ್ಲಾನ್ ಮಾರುತ್ತಾರೆ, ಕರೆ ಮಾತ್ರ ಹೋಗುವುದಿಲ್ಲ. ಒಂದು ಕರೆಗೆ 100 ಕೆಬಿಪಿಎಸ್ ಸಾಕು.

ಮನೆವರೆಗೆ ಫೈಬರ್ ಬಂದರೆ ಅದೇ ಉತ್ತಮ. ಬರದಿದ್ದರೆ ಹೊರಗೆ ಕೂರಿಸುವ 4ಜಿ ರೂಟರ್ ಹಾಕಿಸಿ. ಇದು ಬೂಸ್ಟರ್ ಅಲ್ಲ. ನಿಮ್ಮ ಫೋನಿನ ಹಾಗೆಯೇ ಒಂದು ಸಿಮ್ ಹಾಕಿದ ಸಾಧನ, ಕಾನೂನಿನ ತಕರಾರಿಲ್ಲ. ಪಟ್ಟಿಯಲ್ಲಿ ಗಟ್ಟಿಯಾಗಿ ಕಂಡ ಕಂಪನಿಯ ಸಿಮ್ ಇದಕ್ಕೆ. ಜೇಬಿನ ಫೋನಿನ ಸಿಮ್ ಬೇರೆ ಕಂಪನಿಯದಾದರೂ ವೈಫೈ ಕಾಲಿಂಗ್ ನಡೆಯುತ್ತದೆ. ಇಲ್ಲಿ ಎಲ್ಲರೂ ಎಡವುವುದು ಕೇಬಲ್‌ನಲ್ಲಿ. ರೂಟರನ್ನು ಮನೆಯೊಳಗಿಟ್ಟು, ಮಾಡಿನ ಮೇಲೆ ಆಂಟೆನಾ ನಿಲ್ಲಿಸಿ, ನಡುವೆ ತೆಳ್ಳಗಿನ ಆರ್‌ಜಿ58 ಕೇಬಲ್ ಹತ್ತು ಮೀಟರ್ ಎಳೆಯುತ್ತಾರೆ. 1800 ಮೆಗಾಹರ್ಟ್ಸ್‌ನಲ್ಲಿ ಆ ಹತ್ತು ಮೀಟರೇ 6–7 ಡಿಬಿ ನುಂಗುತ್ತದೆ, ಅಂದರೆ ಆಂಟೆನಾ ಗಳಿಸಿದ್ದರಲ್ಲಿ ಬಹುಪಾಲು. ಬದಲಿಗೆ ಆಂಟೆನಾ ಮತ್ತು ರೂಟರ್ ಒಂದೇ ಪೆಟ್ಟಿಗೆಯಲ್ಲಿರುವ, ಪಿಓಇಯಲ್ಲಿ (ಡೇಟಾ ಕೇಬಲ್‌ನಿಂದಲೇ ವಿದ್ಯುತ್ತು ಪಡೆದು) ನಡೆಯುವ ಸಾಧನ ತನ್ನಿ. ಅದನ್ನು ಜಿಐ ಪೈಪಿನ ಮೇಲೆ ಕೂರಿಸಿ, ಹೊರಾಂಗಣದ ಈಥರ್ನೆಟ್ ಕೇಬಲ್ ಒಂದನ್ನೇ ಮನೆಗೆ ಇಳಿಸಿ. ವಿದ್ಯುತ್ತೂ ಡೇಟಾವೂ ಅದರಲ್ಲೇ ಹೋಗುತ್ತದೆ, 100 ಮೀಟರ್‌ವರೆಗೆ ನಷ್ಟದ ಮಾತಿಲ್ಲ. ಹಾಗಾಗಿ ಮನೆ ತಗ್ಗಿನಲ್ಲಿದ್ದರೆ ಕಂಬ ಮನೆಯ ಮೇಲೇ ಇರಬೇಕೆಂದಿಲ್ಲ, ಕಣದ ಅಂಚಿನಲ್ಲೋ ದಿಬ್ಬದ ಮೇಲೋ ನಿಲ್ಲಿಸಬಹುದು.

ದಿಕ್ಕು ಹೊಂದಿಸುವಾಗ ಪೈಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲ ಒಂದು ನಿಮಿಷ ಕಾದು, ರೂಟರ್ ಪುಟದಲ್ಲಿ ಆರ್‌ಎಸ್‌ಆರ್‌ಪಿ ಜೊತೆ ಎಸ್‌ಐಎನ್‌ಆರ್ ಕೂಡ ನೋಡಿ. ಮೊದಲನೆಯದು ಸಿಗ್ನಲ್ ಎಷ್ಟು ಎಂದು ಹೇಳುತ್ತದೆ, ಎರಡನೆಯದು ಎಷ್ಟು ಶುಚಿ ಎಂದು. ಎರಡು ದಿಕ್ಕು ಪೈಪೋಟಿಗೆ ಬಿದ್ದರೆ ಎಸ್‌ಐಎನ್‌ಆರ್ ಹೆಚ್ಚಿರುವ ಕಡೆ ಬಿಗಿಯಿರಿ. 10 ದಾಟಿದರೆ ನಿಶ್ಚಿಂತೆ. ಈ ಕೆಲಸ ಮಳೆಗಾಲಕ್ಕೆ ಮೊದಲೇ ಮಾಡಿದರೆ ಒದ್ದೆ ಎಲೆಗೆಂದು ಒಂದಿಷ್ಟು ಮಿಗಿಲು ಬಿಡಿ: ಬೇಸಿಗೆಯಲ್ಲಿ –108 ಇದ್ದದ್ದು ಜುಲೈಯಲ್ಲಿ ನಿಲ್ಲುವುದಿಲ್ಲ.

ಕರೆಂಟು. ಮರ ಬಿದ್ದು ಲೈನ್ ಹೋದರೆ ಎರಡು ಮೂರು ದಿನ ಬಾರದ ಊರಿನಲ್ಲಿ ಅಂಗಡಿಯ ಪುಟ್ಟ ರೂಟರ್ ಯುಪಿಎಸ್ ಎರಡು ಮೂರು ಗಂಟೆಯ ಆಟಿಕೆ. ರೂಟರ್ ಎಳೆಯುವುದು ಸುಮಾರು 8 ವಾಟ್. 12.8 ವೋಲ್ಟ್, 20 ಆಂಪಿಯರ್ ಅವರ್‌ನ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಒಂದು ದಿನಕ್ಕಿಂತ ಹೆಚ್ಚು ನಡೆಸುತ್ತದೆ. ಬ್ಯಾಟರಿಯನ್ನು ನೇರ ರೂಟರ್‌ಗೆ ಜೋಡಿಸಬೇಡಿ. ಚಾರ್ಜ್ ಆಗುವಾಗ 14 ವೋಲ್ಟ್ ದಾಟುತ್ತದೆ, 12 ವೋಲ್ಟ್ ರೂಟರ್ ಸುಡುತ್ತದೆ. ನಡುವೆ 12 ವೋಲ್ಟ್‌ಗೆ ಸ್ಥಿರಗೊಳಿಸುವ ಡಿಸಿ ಕನ್ವರ್ಟರ್ ಇರಲಿ. ದೊಡ್ಡ ಇನ್ವರ್ಟರ್ ಇದ್ದವರಿಗೆ ಇದೆಲ್ಲ ಬೇಕಿಲ್ಲ. ಇನ್ವರ್ಟರ್‌ಗೆ ಬದಲಾಗುವಾಗ ಪ್ರತಿ ಸಲ ರೂಟರ್ ಆರಿ ಹತ್ತಿದರೆ ಇನ್ವರ್ಟರ್‌ನ ಗುಂಡಿಯನ್ನು ಯುಪಿಎಸ್ ಮೋಡ್‌ಗೆ ತಿರುಗಿಸಿ.

ಸಿಡಿಲು. ಏಪ್ರಿಲ್, ಮೇಯ ಗುಡುಗು ಮಳೆಯಲ್ಲಿ ಕಂಬದ ಮೇಲಿನ ಸಾಧನಕ್ಕೆ ಅರ್ತಿಂಗ್ ಮತ್ತು ಈಥರ್ನೆಟ್ ಸರ್ಜ್ ಅರೆಸ್ಟರ್ ಬೇಕೇ ಬೇಕು. ಅವೆರಡೂ ಇದ್ದರೂ ಗುಡುಗು ಹತ್ತಿರವಾಗುವ ಮೊದಲೇ ಈಥರ್ನೆಟ್ ಕೇಬಲ್ ಕಳಚಿಡಿ. ಅತಿ ಎಚ್ಚರಿಕೆ ಎಂದು ಅಂಗಡಿಯವರು ನಕ್ಕರೆ ನಗಲಿ, ಸುಟ್ಟ ರೂಟರ್‌ಗೆ ದುಡ್ಡು ಕೊಡುವವರು ಅವರಲ್ಲ. ಫೈಬರ್‌ನ ಗಾಜಿನೆಳೆಯಲ್ಲಿ ಮಿಂಚು ಹರಿಯುವುದಿಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಬರುವ ಕೇಬಲ್‌ನಲ್ಲಿ ಆಧಾರಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗೇ ಬೇರ್ಪಡಿಸಿ ಕಟ್ಟಿಸಿ, ಒಳಗೆ ತರಿಸಬೇಡಿ.

ಫೈಬರ್ ಪೆಟ್ಟಿಗೆಯಲ್ಲಿ ‘ಎಲ್‌ಓಎಸ್’ ದೀಪ ಕೆಂಪಾದರೆ ಬೆಳಕು ನಿಮ್ಮ ಮನೆಗೆ ತಲುಪುತ್ತಿಲ್ಲ. ಹತ್ತು ಸಲ ರೀಸ್ಟಾರ್ಟ್ ಮಾಡಿ ಪ್ರಯೋಜನವಿಲ್ಲ, ದೂರು ಕೊಡಿ.

ನಮ್ಮ ತೋಟದಲ್ಲಿ ಟವರ್ ಹಾಕುತ್ತಾರಂತೆ. ಲಕ್ಷಗಟ್ಟಲೆ ಅಡ್ವಾನ್ಸು, ತಿಂಗಳಿಗೆ ಬಾಡಿಗೆ. ಟ್ರಾಯ್ ಪತ್ರವನ್ನೂ ಕಳುಹಿಸಿದ್ದಾರೆ. ನೋಂದಣಿಗೆ ಸ್ವಲ್ಪ ಹಣ ಕಟ್ಟಬೇಕು.

ಕಟ್ಟಬೇಡಿ. ಟವರ್ ಹಾಕಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಯಾರಿಗೂ ನಿರಾಕ್ಷೇಪಣಾ ಪತ್ರ ಕೊಡುವುದಿಲ್ಲ, ತೆರಿಗೆಯನ್ನೂ ವಸೂಲಿ ಮಾಡುವುದಿಲ್ಲ. ಮುದ್ರೆ ಎಷ್ಟು ಚೆಂದವಿದ್ದರೂ ಆ ಪತ್ರ ನಕಲಿ. ಟವರ್ ಹಾಕುವವರು ಜಾಗದ ಮಾಲೀಕರಿಗೆ ಹಣ ಕೊಡುತ್ತಾರೆ, ಕೇಳುವುದಿಲ್ಲ. ಈಗಾಗಲೇ ಕಟ್ಟಿದ್ದರೆ ಈ ಉತ್ತರ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮೊದಲು ತಡೆಹಿಡಿಯುವ ಅವಕಾಶ ಗಂಟೆಗಳಲ್ಲಿ ಮುಗಿಯುತ್ತದೆ. ಮಾನ ಹೋಗುತ್ತದೆಂದು ಎರಡು ದಿನ ಸುಮ್ಮನಿದ್ದವರೇ ಹೆಚ್ಚು.

ಮಳೆಯಲ್ಲಿ ನೆನೆದ ಫೋನನ್ನು ಅಕ್ಕಿಯಲ್ಲಿ ಎಷ್ಟು ದಿನ ಇಡಬೇಕು?

ಒಂದು ನಿಮಿಷವೂ ಬೇಡ. ಜುಲೈಯಲ್ಲಿ ಬಿರುನಾಣಿಯ ಅಕ್ಕಿ ಡಬ್ಬದೊಳಗೇ ತೇವ ಇರುತ್ತದೆ. ಜೊತೆಗೆ ಅದರ ಧೂಳು, ನುಚ್ಚು ಚಾರ್ಜಿಂಗ್ ತೂತಿಗೆ ಹೋಗಿ ಕೂರುತ್ತದೆ. ಅಕ್ಕಿಯಲ್ಲಿ ಇಡಬೇಡಿ ಎಂದು ಆಪಲ್ ಕಂಪನಿಯೇ ಬರೆದು ಹೇಳಿದೆ. ಆಫ್ ಮಾಡಿ, ಸಿಮ್ ತಟ್ಟೆ ತೆಗೆದು, ತೂತು ಕೆಳಗೆ ಮಾಡಿ ಮೆಲ್ಲಗೆ ತಟ್ಟಿ, ಫ್ಯಾನಿನ ಗಾಳಿಗೆ ಒಂದು ದಿನ ಇಡಿ. ಒಲೆಯ ಹತ್ತಿರ ಬೇಡ, ಹೇರ್ ಡ್ರೈಯರ್ ಬೇಡ. ಆ ಒಂದು ದಿನ ಚಾರ್ಜರ್ ಚುಚ್ಚಬೇಡಿ. ಫೋನನ್ನು ಕೊಲ್ಲುವುದು ನೀರಿಗಿಂತ ಹೆಚ್ಚಾಗಿ ನೀರಿರುವಾಗ ಹರಿಸಿದ ವಿದ್ಯುತ್ತು.

ಕಸ್ಟಮರ್ ಕೇರ್‌ನವರು ‘48 ಗಂಟೆಯಲ್ಲಿ ಸರಿಹೋಗುತ್ತದೆ’ ಎನ್ನುತ್ತಾರೆ. ಸರಿಹೋಗುವುದಿಲ್ಲ.

ನೀವು ದೂರಿನ ಡಾಕೆಟ್ ನಂಬರ್ ಬರೆದುಕೊಂಡಿಲ್ಲ, ಅದಕ್ಕೆ. ಕಂಪನಿಯ ದೂರಿನ ನಂಬರ್ 198ಕ್ಕೆ ಕರೆ ಮಾಡಿ ಡಾಕೆಟ್ ನಂಬರ್ ಪಡೆಯಿರಿ. ‘ಸಿಗ್ನಲ್ ಇಲ್ಲ’ ಎಂದಷ್ಟೇ ಹೇಳಬೇಡಿ. ಮ್ಯಾಪ್‌ನಿಂದ ಅಕ್ಷಾಂಶ ರೇಖಾಂಶ, ಸಮಯ, ಡಿಬಿಎಂ ಸಂಖ್ಯೆ ಕೊಡಿ. ಪರಿಹಾರವಾಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಶುಲ್ಕವಿಲ್ಲ, 39 ದಿನದೊಳಗೆ ಉತ್ತರಿಸಬೇಕು. ಟ್ರಾಯ್‌ಗೆ ಬರೆದು ಪ್ರಯೋಜನವಿಲ್ಲ, ಅದು ಒಬ್ಬೊಬ್ಬರ ದೂರನ್ನು ತೆಗೆದುಕೊಳ್ಳುವುದಿಲ್ಲ.

ನಂಬರ್ ಉಳಿಸಿಕೊಂಡು ಕಂಪನಿ ಬದಲಿಸಲು ‘ಪೋರ್ಟ್’ ಮೆಸೇಜ್ ಕಳುಹಿಸಿದರೆ ಕೋಡ್ ಬರುತ್ತಿಲ್ಲ.

1900ಕ್ಕೆ ಕಳುಹಿಸಿದ್ದೀರಿ ತಾನೆ? ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು, ಪೋಸ್ಟ್‌ಪೇಯ್ಡ್ ಬಾಕಿ ಇರಬಾರದು. ಸಿಮ್ ಕಳೆದು ಹೊಸದು ತೆಗೆದುಕೊಂಡಿದ್ದರೆ 2024ರ ಜುಲೈ 1ರಿಂದ ಏಳು ದಿನ ಕಾಯಬೇಕು. ಕೋಡ್ ಬಂದ ಮೇಲೆ ನಾಲ್ಕೇ ದಿನ ಬಾಳುತ್ತದೆ, ಆದ್ದರಿಂದ ಅಂಗಡಿಗೆ ಹೋಗುವ ದಿನವೇ ಮೆಸೇಜ್ ಹಾಕಿ.

ವಿಕಿರಣ ತಡೆಯುವ ಸ್ಟಿಕ್ಕರ್ ಫೋನಿನ ಹಿಂದೆ ಅಂಟಿಸಬಹುದೇ?

ಅದು ನಿಜಕ್ಕೂ ತಡೆದರೆ ನಿಮ್ಮ ಫೋನು ಇನ್ನೂ ಜೋರಾಗಿ ಕೂಗಬೇಕಾಗುತ್ತದೆ. ತಡೆಯದಿದ್ದರೆ ದುಡ್ಡು ದಂಡ.

ಕುಟ್ಟದಲ್ಲಿ ನಿಂತರೆ ‘ಕೇರಳಕ್ಕೆ ಸ್ವಾಗತ’ ಎಂದು ಮೆಸೇಜ್ ಬರುತ್ತದೆ. ಹಣ ಕತ್ತರಿಸುತ್ತಾರೆಯೇ?

ಇಲ್ಲ. ಗಡಿಯಾಚೆಯ ಟವರ್ ಗಟ್ಟಿಯಾಗಿದೆ, ಫೋನ್ ಅದಕ್ಕೆ ಅಂಟಿಕೊಂಡಿದೆ, ಅಷ್ಟೆ. ಡೇಟಾ ರೋಮಿಂಗ್ ಆಫ್ ಇದ್ದರೆ ಇಂಟರ್ನೆಟ್ ನಿಲ್ಲುತ್ತದೆ, ಆನ್ ಮಾಡಿಟ್ಟುಕೊಳ್ಳಿ.