ಕಪ್ಪು ಕವರಿನಲ್ಲಿ ಕಟ್ಟಿಟ್ಟ ಸೊಪ್ಪು

ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದ ಒಬ್ಬ ಮಹಿಳೆಯ ಕಥೆ ಇದು. ಊರು, ಉದ್ಯೋಗ, ಮಕ್ಕಳ ವಯಸ್ಸು ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಇದು ಒಬ್ಬರದೇ ಪ್ರಕರಣವೂ ಅಲ್ಲ. ನಿದ್ದೆ ಬರುತ್ತಿಲ್ಲ, ಮಕ್ಕಳ ಮೇಲೆ ರೇಗುತ್ತೇನೆ, ಗಂಡನ ಜೊತೆ ಮಾತು ಬೆಳೆಯುತ್ತದೆ ಎಂದು ಬಂದವರು ಮೂರನೆಯ ಭೇಟಿಯ ಹೊತ್ತಿಗೆ ಫ್ರಿಜ್‌ನ ಸುದ್ದಿ ಎತ್ತುವುದು ಮತ್ತೆ ಮತ್ತೆ ಆಗುತ್ತಿದೆ.

ಇವರು ನಲವತ್ತರ ಆಸುಪಾಸಿನವರು. ಇಬ್ಬರು ಮಕ್ಕಳು, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಅಡುಗೆ ಬರುವುದಿಲ್ಲ ಎನ್ನುವಂತಿಲ್ಲ, ಚೆನ್ನಾಗಿಯೇ ಬರುತ್ತದೆ. ತಾಯಿ ಪ್ಯಾಕೆಟ್ ಒಡೆದು ಅಡುಗೆ ಮಾಡಿದವರಲ್ಲ. ಅದೇ ಇವರಿಗೂ ನಿಯಮವಾಗಿತ್ತು: ಎಲ್ಲವೂ ತಾಜಾ, ಎಲ್ಲವೂ ಮನೆಯಲ್ಲೇ. ಭಾನುವಾರ ಎರಡು ಚೀಲ ತರಕಾರಿ ಬರುತ್ತಿತ್ತು. ಗುರುವಾರದ ಹೊತ್ತಿಗೆ ಮಕ್ಕಳು ದಿಢೀರ್ ನೂಡಲ್ಸ್ ತಿನ್ನುತ್ತಿದ್ದರು.

ಮೂರನೆಯ ಭೇಟಿಯಲ್ಲಿ ಅವರು ತಗ್ಗಿದ ದನಿಯಲ್ಲಿ ಹೇಳಿದ ಮಾತು ಇದು: "ಕೊಳೆತಿದ್ದನ್ನ ಬೆಳಗ್ಗೆ ಎಸೆಯಲ್ಲ ಮೇಡಂ. ಎಲ್ಲರೂ ಮಲಗಿದ ಮೇಲೆ ಕಪ್ಪು ಕವರ್‌ಗೆ ತುಂಬಿ, ಗಂಟು ಹಾಕಿ, ಕಸದ ಬುಟ್ಟೀಲಿ ಕೆಳಗಡೆ ಇಡ್ತೀನಿ. ಮತ್ತೆ ಭಾನುವಾರ ಹೋಗಿ ಮೊದಲಿಗಿಂತ ಜಾಸ್ತೀನೇ ತರ್ತೀನಿ."

ಆ ದಿನ ಬೇರೆ ಯಾವ ವಿಷಯಕ್ಕೂ ನಾವು ಹೋಗಲಿಲ್ಲ. ಬಚ್ಚಿಟ್ಟು ಎಸೆಯುವುದನ್ನು ಕೇಳಿದಾಗ ಸಲಹೆಗಾರರು ಮೊದಲು ನೋಡಬೇಕಾದದ್ದು ಬೇರೆಯೇ ಇರುತ್ತದೆ. ಊಟ ಬಿಡುತ್ತಾರಾ, ಒಮ್ಮೆಲೇ ಹಿಡಿತವಿಲ್ಲದೆ ತಿನ್ನುತ್ತಾರಾ, ತಿಂದದ್ದನ್ನು ವಾಂತಿ ಮಾಡುತ್ತಾರಾ ಎಂದು ಕೇಳಿದೆ. ಯಾವುದೂ ಇರಲಿಲ್ಲ. ಇದ್ದಿದ್ದರೆ ಮನೋವೈದ್ಯರ ಬಳಿ ಕಳಿಸುತ್ತಿದ್ದೆ, ಮುಂದೆ ಬರೆದ ಯಾವುದನ್ನೂ ಹೇಳುತ್ತಿರಲಿಲ್ಲ.

ಆಮೇಲೆ ಒಂದು ಹಾಳೆ ಕೊಟ್ಟು, ಅಂದುಕೊಂಡ ಹಾಗೆ ಅಡುಗೆ ನಡೆದ ಒಂದು ಸಂಜೆಯ ನಿಮಿಷಗಳನ್ನು ಬರೆಯಲು ಹೇಳಿದೆ. ಸೊಪ್ಪು ಬಿಡಿಸಿ, ಮೂರು ನೀರಿನಲ್ಲಿ ತೊಳೆಯಲು 20. ಬಟಾಣಿ ಸುಲಿಯಲು 15. ಈರುಳ್ಳಿ, ಟೊಮೆಟೊ ಹೆಚ್ಚಲು 10. ಒಲೆಯ ಮುಂದೆ 35. ಪಾತ್ರೆ, ಕಟ್ಟೆ ಸ್ವಚ್ಛ ಮಾಡಲು 20. ಒಟ್ಟು 100 ನಿಮಿಷ. ಕೆಲಸದಿಂದ ಬಂದು ಬಟ್ಟೆ ಬದಲಿಸಿ ನಿಂತರೆ, ಮಕ್ಕಳು ಹಸಿವೆಂದು ಅಳುವ ಮುಂಚೆ ಎಷ್ಟು ಸಮಯ ಸಿಗುತ್ತದೆ ಎಂದು ಕೇಳಿದೆ. 45 ನಿಮಿಷ ಎಂದರು. ಹಾಳೆಯನ್ನೇ ನೋಡುತ್ತ ಕುಳಿತರು. ಬಿಡಿಸುವುದು, ಸುಲಿಯುವುದು, ಹೆಚ್ಚುವುದು ಈ ಮೂರಕ್ಕೇ 45 ಆಗಿಹೋಗಿತ್ತು. ಒಲೆ ಇನ್ನೂ ಹೊತ್ತಿಸಿರಲಿಲ್ಲ.

"ಅಂದ್ರೆ ನಾನು ಸೋಮಾರಿ ಅಲ್ವಾ?" ಎಂದು ಕೇಳಿದರು. ಅಲ್ಲ ಎಂದು ಬಾಯಿಮಾತಿನ ಸಮಾಧಾನ ಹೇಳಲು ನನಗೆ ಇಷ್ಟವಿರಲಿಲ್ಲ. ಹಾಳೆಯನ್ನು ಅವರ ಕಡೆಗೇ ತಿರುಗಿಸಿಟ್ಟೆ.

ಆಪ್ತಸಲಹೆಗಾರರು ಅಡುಗೆ ಹೇಳಿಕೊಡಬೇಕೇ ಎಂದು ಈ ವೃತ್ತಿಯಲ್ಲಿರುವವರೇ ಆಕ್ಷೇಪಿಸಿದ್ದುಂಟು. ತಪ್ಪಿತಸ್ಥ ಭಾವನೆಯ ಮೇಲೆ ಕೆಲಸ ಮಾಡಿ, ಫ್ರಿಜ್ ಮೇಲಲ್ಲ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ದಿನಕ್ಕೆ 55 ನಿಮಿಷ ಕಡಿಮೆ ಬೀಳುವ ಮನೆಯಲ್ಲಿ ಭಾವನೆಯೊಂದನ್ನೇ ಸರಿಪಡಿಸಿದರೆ, ಮುಂದಿನ ಗುರುವಾರ ಕೊಳೆತ ಸೊಪ್ಪು ಅದನ್ನು ಮತ್ತೆ ಹುಟ್ಟಿಸುತ್ತದೆ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ, ಮಧುಮೇಹ ಇರುವವರಿಗೆ ಏನು ತಿನ್ನಬೇಕೆಂದು ನಾನು ಹೇಳುವುದಿಲ್ಲ, ಅದು ವೈದ್ಯರ, ಆಹಾರತಜ್ಞರ ಕೆಲಸ. ಆದರೆ ಯಾವ ಕೆಲಸವನ್ನು ಯಾರ ತಲೆಯಿಂದ ಇಳಿಸಬಹುದು ಎಂಬುದು ಖಂಡಿತ ನನ್ನ ಕೋಣೆಯ ವಿಷಯ.

ಇವರಿಗೆ ಪ್ಯಾಕೆಟ್ ಎಂದರೆ ಎಲ್ಲ ಪ್ಯಾಕೆಟ್ಟೂ ಒಂದೇ ಆಗಿತ್ತು. ಫ್ರೋಜನ್ ಬಟಾಣಿ ಕೊಂಡರೂ ಸೋತಂತೆ, ನೂಡಲ್ಸ್ ಕೊಂಡರೂ ಸೋತಂತೆ. ಹೇಗೂ ಸೋತಾಯಿತಲ್ಲ ಎಂದು ಕೈ ನೂಡಲ್ಸ್ ಕಡೆಗೇ ಹೋಗುತ್ತಿತ್ತು. ನಾನು ಹೇಳಿದ ಮೊದಲ ಸಲಹೆ ಈ ಗಂಟನ್ನು ಬಿಡಿಸುವುದಕ್ಕೆ. ಕೈಕೆಲಸ ಮಾತ್ರ ಮಾಡಿಕೊಟ್ಟ ಪ್ಯಾಕೆಟ್ ಬೇರೆ, ರುಚಿಯನ್ನೂ ತಾನೇ ತೀರ್ಮಾನಿಸಿಬಿಟ್ಟ ಪ್ಯಾಕೆಟ್ ಬೇರೆ. ಸುಲಿದ ಬಟಾಣಿ, ಹೆಚ್ಚಿದ ಬೀನ್ಸ್, ಡಬ್ಬಿಯ ಟೊಮೆಟೊ, ಬೇಯಿಸಿಟ್ಟ ಕಾಳು ಇವು ಮೊದಲ ಗುಂಪಿನವು. ಇವುಗಳಲ್ಲಿ ಒಗ್ಗರಣೆ, ಖಾರ, ಎಣ್ಣೆ ನಿಮ್ಮ ಕೈಯಲ್ಲೇ ಉಳಿಯುತ್ತದೆ. ಸೂಪ್ ಪುಡಿ, ಸಾಸ್, ನೂಡಲ್ಸ್, ಬಿಸಿ ಮಾಡಿ ತಿನ್ನುವ ಊಟ ಇವುಗಳಲ್ಲಿ ಉಳಿಯುವುದಿಲ್ಲ.

ಗುರುತಿಸಲು ಪ್ಯಾಕೆಟ್‌ನ ಹಿಂಭಾಗ ಸಾಕು. ಸಾಮಗ್ರಿಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ. ತರಕಾರಿಯ ಹೆಸರೊಂದೇ ಇದ್ದರೆ, ಅಥವಾ ಜೊತೆಗೆ ಉಪ್ಪಿದ್ದರೆ, ಸಂಕೋಚವಿಲ್ಲದೆ ತನ್ನಿ. ಸೋಡಿಯಂ ಎಂದು ಬರೆದದ್ದನ್ನು 2.5ರಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ: 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಇಡೀ ದಿನಕ್ಕೆ ಹೇಳುವುದು 5 ಗ್ರಾಂಗಿಂತ ಕಡಿಮೆ. ಅಂಕಿ ಒಂದು ಬಡಿಸುವಿಕೆಗೋ (ಸರ್ವಿಂಗ್), 100 ಗ್ರಾಂಗೋ ಎಂಬುದನ್ನು ನೋಡಲೇಬೇಕು. ಎರಡು ಬಡಿಸುವಿಕೆಯ ಪ್ಯಾಕೆಟ್ಟನ್ನು ಒಬ್ಬರೇ ತಿಂದು ಮುಗಿಸುವುದು ಸಾಮಾನ್ಯ.

ಎರಡನೆಯ ಗುಂಪಿನ ಬಗ್ಗೆ ನಾನು ಉದಾರಿಯಲ್ಲ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಕೆವಿನ್ ಹಾಲ್ ಮತ್ತು ತಂಡ 20 ಜನರಿಗೆ ಎರಡು ವಾರ ಅತಿಸಂಸ್ಕರಿತ (ಬಹುತೇಕ ಕಾರ್ಖಾನೆಯಲ್ಲೇ ತಯಾರಾದ) ಊಟ, ಇನ್ನೆರಡು ವಾರ ಸಂಸ್ಕರಿಸದ ಊಟ ಕೊಟ್ಟು ನೋಡಿತು. ಮುಂದಿಟ್ಟ ತಟ್ಟೆಯ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸರಿಸಮನಾಗಿಯೇ ಇದ್ದವು, ಬೇಕಾದಷ್ಟು ತಿನ್ನಬಹುದಿತ್ತು. ಅತಿಸಂಸ್ಕರಿತ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಪ್ಯಾಕೆಟ್ ಬಗ್ಗೆ ಅವರ ತಾಯಿಗಿದ್ದ ಭಯ ಪೂರ್ತಿ ಸುಳ್ಳಲ್ಲ ಎಂದು ಅವರಿಗೆ ಹೇಳಿದ್ದೂ ಇದೇ ಕಾರಣಕ್ಕೆ. ಆದರೆ ಆ ಭಯ ಬಟಾಣಿಯ ಮೇಲೆ ಬೀಳಬಾರದು.

ಏಕೆಂದರೆ ಬಟಾಣಿಯ ವಿಷಯದಲ್ಲಿ 'ತಾಜಾ' ಎಂಬ ಮಾತೇ ಮೋಸ ಮಾಡುತ್ತದೆ. ಕೊಯ್ದ ಗಳಿಗೆಯಿಂದ ಅದರ ಸಕ್ಕರೆ ಪಿಷ್ಟವಾಗತೊಡಗುತ್ತದೆ. ನಾಲ್ಕು ದಿನ ಕಳೆದ ಕಾಯಿಯೊಳಗಿನ ಕಾಳು ಹಿಟ್ಟುಹಿಟ್ಟಾಗಿರುತ್ತದೆ. ಫ್ರೋಜನ್ ಬಟಾಣಿಯನ್ನು ಕೊಯ್ದ ಕೆಲವೇ ಗಂಟೆಗಳಲ್ಲಿ ಬಿಸಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ಕಿಣ್ವಗಳ ಕೆಲಸ ನಿಲ್ಲಿಸಿ, ಹೆಪ್ಪುಗಟ್ಟಿಸುತ್ತಾರೆ. ಅದ್ದುವಾಗ ಸಿ ಜೀವಸತ್ವ ಸ್ವಲ್ಪ ಹೋಗುತ್ತದೆ, ಆಮೇಲೆ ಮೈನಸ್ 18 ಡಿಗ್ರಿಯಲ್ಲಿ ಬಹಳಷ್ಟು ಉಳಿಯುತ್ತದೆ. ಬಟಾಣಿಯ ಸುಗ್ಗಿಯಲ್ಲಿ ಕಾಯಿ ತಂದು ಅವತ್ತೇ ಬೇಯಿಸುವುದಾದರೆ ಅದರ ಮುಂದೆ ಯಾವುದೂ ನಿಲ್ಲದು. ಉಳಿದ ತಿಂಗಳುಗಳಲ್ಲಿ ಫ್ರೀಜರ್‌ನದೇ ಒಳ್ಳೆಯದು.

ಫ್ರೋಜನ್ ತರಕಾರಿ ನೀರುನೀರಾಗುತ್ತದೆ ಎನ್ನುವುದು ಅವರ ಮುಂದಿನ ದೂರು. ಕರಗಿಸಿ ಹಾಕುತ್ತಿದ್ದರು, ಅಲ್ಲೇ ತಪ್ಪು. ಒಳಗಿನ ಮಂಜಿನ ಹರಳು ಕೋಶಗಳನ್ನು ಹರಿದಿರುತ್ತದೆ. ಹೊರಗಿಟ್ಟು ಕರಗಿಸಿದರೆ ನೀರೆಲ್ಲ ಮೆಲ್ಲಗೆ ಸೋರಿ ತರಕಾರಿ ಜೋತುಬೀಳುತ್ತದೆ. ಅಗಲ ಬಾಣಲೆ ಚೆನ್ನಾಗಿ ಕಾಯಲಿ, ಫ್ರೀಜರಿನಿಂದ ನೇರವಾಗಿ ಒಂದೇ ಪದರ ಆಗುವಷ್ಟು ಹಾಕಿ, ದೊಡ್ಡ ಉರಿ ಇರಲಿ, ಮುಚ್ಚಬೇಡಿ, ಉಪ್ಪು ಕೊನೆಗೆ. ಒಮ್ಮೆಲೇ ಅರ್ಧ ಕಿಲೋ ಸುರಿದರೆ ಬಾಣಲೆ ತಣ್ಣಗಾಗಿ, ಹುರಿಯುವ ಬದಲು ಬೇಯುತ್ತದೆ.

ಕಾಳಿನ ಕೆಲಸವನ್ನು ವಾರಕ್ಕೊಮ್ಮೆ ಮುಗಿಸಲು ಹೇಳಿದೆ. ಎರಡು ಕಪ್ ಒಣಕಾಳು ನೆನೆದು ಬೆಂದರೆ ಹೆಚ್ಚುಕಡಿಮೆ ಐದು ಕಪ್ ಆಗುತ್ತದೆ. ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಬೇಕು. ಟೊಮೆಟೊ, ಹುಣಸೆ, ನಿಂಬೆ ಏನೇ ಇದ್ದರೂ ಕಾಳು ಮೆತ್ತಗಾದ ಮೇಲೆಯೇ ಹಾಕಬೇಕು. ಹುಳಿ ಮೊದಲೇ ಬಿದ್ದರೆ ಗಂಟೆಗಟ್ಟಲೆ ಬೇಯಿಸಿದರೂ ಸಿಪ್ಪೆ ಗಟ್ಟಿಯಾಗಿಯೇ ಉಳಿಯುತ್ತದೆ. ರಾಜ್ಮಾಕ್ಕೆ ಮಾತ್ರ ಎಚ್ಚರಿಕೆ ಬೇಕು. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ವಿಷ ಹೋಗಲು ನೀರು ಕುದಿದ ಮೇಲೆ ಕನಿಷ್ಠ 10 ನಿಮಿಷ, ಇನ್ನೂ ಸುರಕ್ಷಿತವಾಗಿರಲು 30 ನಿಮಿಷ ಕುದಿಯಬೇಕು. ನಿಧಾನ ಉರಿಯ ಸ್ಲೋ ಕುಕರ್‌ನಲ್ಲಿ ಹಸಿಯಾಗಿ ಹಾಕಿದರೆ ಕಾಳು ಮೆತ್ತಗಾದಂತೆ ಕಂಡರೂ ವಿಷ ಉಳಿಯಬಹುದು, ವಾಂತಿ ಭೇದಿ ಶುರುವಾಗುತ್ತದೆ. ಡಬ್ಬಿಯದ್ದು ಪೂರ್ತಿ ಬೆಂದಿರುತ್ತದೆ. ಅದರ ನೀರು ಬಸಿದು ಎರಡು ಸಲ ತೊಳೆದರೆ ಸೋಡಿಯಂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ.

ಬೇಯಿಸಿದ್ದನ್ನು ಆಳದ ಪಾತ್ರೆಯಲ್ಲೇ ಬಿಟ್ಟರೆ ನಡುವೆ ಬಿಸಿ ಆರುವುದಿಲ್ಲ. ಅಗಲ ತಟ್ಟೆಗೆ ಹರಡಿ, ಎರಡು ಗಂಟೆಯೊಳಗೆ ಫ್ರಿಜ್ ಸೇರಿಸಬೇಕು. ಅನ್ನಕ್ಕೂ ಇದೇ ನಿಯಮ, ಇನ್ನೂ ಬಿಗಿಯಾಗಿ. ಹೊರಗೆ ಉಳಿದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ತಾಜಾ ತರಕಾರಿ ಬಿಡಿ ಎಂದು ನಾನು ಹೇಳಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಈ ಸಲಹೆ ಕೇಳಿದವರಲ್ಲಿ ಕೆಲವರು ಅದನ್ನೇ ಕೇಳಿಸಿಕೊಳ್ಳುತ್ತಾರೆ. ಕಡಿಮೆ ತನ್ನಿ ಎಂದೆ: ವಾರಕ್ಕೆ ಆಯಾ ಕಾಲದ ಎರಡೇ ತರಕಾರಿ. ಯಾವುದು ರಾಶಿ ಬಿದ್ದಿದೆಯೋ, ಯಾವುದನ್ನು ದೂರದಿಂದ ತರಿಸಬೇಕಿಲ್ಲವೋ ಅದು. ಸುಗ್ಗಿಯ ಟೊಮೆಟೊಗೆ ಉಪ್ಪು ಬಿಟ್ಟು ಏನೂ ಬೇಡ, ಅಡುಗೆಯ ಸಮಯ ಅಲ್ಲೇ ಉಳಿಯುತ್ತದೆ. ಅದನ್ನು ಫ್ರಿಜ್‌ನಲ್ಲಿಟ್ಟು ಪರಿಮಳ ಕೊಲ್ಲಬೇಡಿ, ಹಣ್ಣಾಗುವವರೆಗೆ ಹೊರಗಿರಲಿ. ಸೊಪ್ಪು ತಂದರೆ ಮೊದಲೆರಡು ದಿನದ ಅಡುಗೆ ಅದೇ. ಕ್ಯಾರೆಟ್, ಎಲೆಕೋಸು ಕಾಯುತ್ತವೆ, ಸೊಪ್ಪು ಕಾಯುವುದಿಲ್ಲ. ಕ್ಯಾರೆಟ್ಟಿನ ಎಲೆಯನ್ನು ಬಂದ ದಿನವೇ ಕಿತ್ತುಬಿಡಿ, ಅದು ಗಡ್ಡೆಯ ನೀರು ಹೀರುತ್ತದೆ. ಬಾಳೆಹಣ್ಣು, ಸೇಬು ಸೊಪ್ಪಿನ ಪಕ್ಕ ಬೇಡ, ಅವು ಬಿಡುವ ಎಥಿಲೀನ್ ಅನಿಲಕ್ಕೆ ಎಲೆ ಬೇಗ ಹಳದಿಯಾಗುತ್ತದೆ.

ನೂಡಲ್ಸ್ ವಾರಕ್ಕೊಂದು ದಿನ ಇರಲಿ ಎಂದಾಗ ಅವರಿಗೆ ಆಶ್ಚರ್ಯ. ಮಸಾಲೆ ಪುಡಿ ಅರ್ಧವೇ ಹಾಕಿ, ಉಪ್ಪಿನ ದೊಡ್ಡ ಪಾಲು ಅದರಲ್ಲೇ ಇರುತ್ತದೆ. ಒಂದು ಹಿಡಿ ಬಟಾಣಿ, ಒಂದು ಮೊಟ್ಟೆ ಸೇರಿಸಿ. ಮುಖ್ಯವಾಗಿ, ಯಾವ ದಿನ ಎಂದು ಮುಂಚೆಯೇ ಹೇಳಿಟ್ಟು ಮಾಡಿ. ಸೋತು ಮಾಡಿದ ನೂಡಲ್ಸ್‌ಗೂ ಗೊತ್ತು ಮಾಡಿಕೊಂಡು ಮಾಡಿದ ನೂಡಲ್ಸ್‌ಗೂ ಮನೆಯ ವಾತಾವರಣದಲ್ಲಿ ಬಹಳ ವ್ಯತ್ಯಾಸವಿದೆ.

ಹಾಳೆಯಲ್ಲಿ ಹೊಸ ಲೆಕ್ಕ ಬರೆದೆವು. ಸೊಪ್ಪು ಮಾಡದ ಸಂಜೆಗೆ ಅದರ 20, ಫ್ರೋಜನ್ ತಂದದ್ದರಿಂದ ಬಟಾಣಿಯ 15 ಹೋಯಿತು. ಉಳಿದದ್ದು ಹೆಚ್ಚುವ 10, ಒಲೆಯ 35. ಸರಿಯಾಗಿ 45. ಪಾತ್ರೆ ತೊಳೆಯುವ 20 ನಿಮಿಷ ಇನ್ನೊಬ್ಬರದು, ಆ ಇನ್ನೊಬ್ಬರು ಯಾರು ಎಂದು ಹಾಳೆಯಲ್ಲಿ ಹೆಸರು ಬರೆಯಿರಿ ಎಂದೆ. ಪೆನ್ನು ಬಹಳ ಹೊತ್ತು ಹಾಗೇ ನಿಂತಿತ್ತು. ಬರೆದರು.

ಕೊನೆಯ ಸಲಹೆ ಕಪ್ಪು ಕವರಿನದು. ಎಸೆದದ್ದನ್ನೆಲ್ಲ ಫ್ರಿಜ್ ಬಾಗಿಲಿನ ಮೇಲೆ ಒಂದು ಚೀಟಿಯಲ್ಲಿ ಬರೆಯಬೇಕು: ಏನು, ಎಷ್ಟು, ಯಾಕೆ ಹಾಳಾಯಿತು. ಎಸೆಯುವುದು ಹಗಲಲ್ಲೇ ಆಗಬೇಕು, ಚೀಟಿ ಎಲ್ಲರ ಕಣ್ಣಿಗೆ ಬೀಳಬೇಕು. ಆಮೇಲಿನ ಭೇಟಿಗಳಲ್ಲಿ ನಾವು ಹೆಚ್ಚು ಮಾತಾಡಿದ್ದು ಈ ಚೀಟಿಯ ಬಗ್ಗೆಯೇ. ಎರಡು ವಾರ ಅವರಿಗೆ ಅದನ್ನು ಅಂಟಿಸಲು ಆಗಲೇ ಇಲ್ಲ. ಮೂರನೆಯ ವಾರ ಅಂಟಿಸಿದರು.

ಏಳನೆಯ ವಾರದ ಚೀಟಿಯನ್ನು ಮಡಚಿ ತಂದಿದ್ದರು. ಅದರಲ್ಲಿ ಎಸೆದದ್ದರ ಸಾಲು ಒಂದೇ, ಗಂಡನ ಕೈಬರಹ: "ಪಾಲಕ್ ಅರ್ಧ ಕಟ್ಟು. ತೊಳೆದು ಒರೆಸದೆ ಇಟ್ಟೆ, ಲೋಳೆಯಾಯಿತು." ಒಣಬಟ್ಟೆಯಲ್ಲಿ ಸುತ್ತಿ ಇಡಬೇಕಿತ್ತು ಎಂದು ಅದರ ಕೆಳಗೆ ಇವರು ಬರೆದಿದ್ದರು.