ಫ್ರಿಜ್ಜಲ್ಲಿ 14 ಡಬ್ಬಿ

ಇದನ್ನ ಬರೀಬೇಕೋ ಬೇಡ್ವೋ ಅಂತ ಸುಮಾರು ದಿನ ಒದ್ದಾಡಿದೆ, ಯಾಕಂದ್ರೆ ಇದ್ರಲ್ಲಿ ಎಡವಿದ್ದು ನನ್ನ ಹತ್ರ ಕೌನ್ಸೆಲಿಂಗಿಗೆ ಅಂತ ಸಲಹೆ ಕೇಳ್ಕೊಂಡು ಬಂದವರಲ್ಲ, ನಾನು. ಆದ್ರೆ ಇಂಥ ಕೇಸು ಬರ್ತಾನೇ ಇದೆ, ಒಬ್ಬರೇ ಇರೋರು, ಕೈ ಬಿಗಿ, ಕೆಲ್ಸ ಮುಗ್ಸಿ ಬಂದ್ರೆ ಒಲೆ ಮುಂದೆ ನಿಲ್ಲೋಕೆ ತ್ರಾಣ ಇಲ್ಲ, ದುಡ್ಡೆಲ್ಲ ಹೊರಗಿನ ಊಟಕ್ಕೇ ಸೋರಿ ಹೋಗ್ತಿದೆ ಅನ್ನೋರು. ಅಂಥವರಲ್ಲಿ ಒಬ್ಬರ ಕಥೆ ಇದು, ಅವರ ಒಪ್ಪಿಗೆ ತಗೊಂಡೇ ಬರೀತಿದ್ದೀನಿ, ಗುರುತು ಸಿಗೋ ಅಂಥದ್ದೆಲ್ಲ ಬದಲಾಯಿಸಿದ್ದೀನಿ.

ನಲವತ್ತರ ಆಸುಪಾಸಿನ ಗಂಡಸು. ಮದುವೆ ಮುರಿದು ಒಂದು ವರ್ಷ ಆಗಿತ್ತು, ತಲೆ ಮೇಲೆ ಸಾಲ. ಬಂದಿದ್ದು ನಿದ್ದೆ ಬರಲ್ಲ ಅಂತ. ಖರ್ಚಿನ ಲೆಕ್ಕ ಬರ್ಕೊಂಡು ಬನ್ನಿ ಅಂದಿದ್ದೆ, ನೋಡಿದ್ರೆ ಬಾಡಿಗೆ ಬಿಟ್ರೆ ದೊಡ್ಡ ಖರ್ಚು ಆರ್ಡರ್ ಮಾಡಿ ತರಿಸ್ಕೊಳ್ಳೋ ಊಟ. ಸೆಷನ್ ಮುಗಿಯೋಕೆ ಐದು ನಿಮಿಷ ಇತ್ತು, ನಾನು ಗಡಿಯಾರ ನೋಡ್ಕೊಂಡೇ "ರಜಾ ದಿನ ಕೂತು ಇಡೀ ವಾರದ್ದು ಒಂದೇ ಸಲ ಮಾಡಿ ಡಬ್ಬಿಗೆ ಹಾಕಿಟ್ಬಿಡಿ, ಆಮೇಲೆ ಬಿಸಿ ಮಾಡ್ಕೊಂಡು ತಿನ್ನೋದಷ್ಟೇ" ಅಂದ್ಬಿಟ್ಟೆ. ದಾರೀಲಿ ಹೋಗೋರು ಯಾರು ಬೇಕಾದ್ರೂ ಕೊಡೋ ಸಲಹೆ. ಲೆಕ್ಕಕ್ಕೆ ಸರೀನೂ ಹೌದು, ಒಣ ಕಾಳು ನೆನೆಸಿ ಬೇಯಿಸಿದ್ರೆ ತೂಕ ಎರಡು ಪಟ್ಟಿನ ಮೇಲೇ ಆಗತ್ತೆ, ಒಲೆ ಒಂದೇ ಸಲ ಹಚ್ಚೋದು, ಪಾತ್ರೆ ಒಂದೇ ಸಲ ತೊಳೆಯೋದು.

ಮುಂದಿನ ವಾರ ಬಂದಾಗ ಖುಷಿಯಾಗೇ ಇದ್ರು, 14 ಡಬ್ಬಿ ಮಾಡಿದೀನಿ ಅಂದ್ರು, ಏಳು ದಿನ ಎರಡು ಹೊತ್ತು. ಅದರ ಮುಂದಿನ ವಾರ ಹೊಟ್ಟೆ ಕೆಟ್ಟಿತ್ತು ಅಂತ ಬರ್ಲೇ ಇಲ್ಲ. ಅದಾದ ಮೇಲಿನ ಶುಕ್ರವಾರ ಬಂದವರು ಬ್ಯಾಗಿಂದ ಒಂದು ಡಬ್ಬಿ ತೆಗೆದು ನನ್ನ ಟೇಬಲ್ ಮೇಲೆ ಇಟ್ರು.

ಚೌಕದ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳದ ಮೇಲೆ ಬಿಳೀ ಟೇಪ್ ಅಂಟಿಸಿ ಮಾರ್ಕರಲ್ಲಿ ನೀಟಾಗಿ "ಗುರುವಾರ ರಾತ್ರಿ" ಅಂತ ಬರೆದಿದ್ರು. ತೆಗೆದು ತೋರಿಸಿದ್ರು, ಒಂದು ಕಡೆ ಅನ್ನ ಡಬ್ಬಿಯ ಅಚ್ಚಿಗೇ ಗಟ್ಟಿಯಾಗಿ ಕೂತಿತ್ತು ಮೂಲೆ ಸಮೇತ, ಇನ್ನೊಂದು ಕಡೆ ಕಾಳಿನ ಪಲ್ಯ, ಮೇಲೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ನಿನ್ನೆ ರಾತ್ರಿ ತಿನ್ಬೇಕಿದ್ದ ಊಟ. ತಿನ್ಲಿಲ್ಲ, ಹೊರಗಡೆಯಿಂದ ತರಿಸ್ಕೊಂಡೆ, ಬೆಳಿಗ್ಗೆ ಎಸೆಯೋಣ ಅಂತ ಬ್ಯಾಗಿಗೆ ಹಾಕ್ಕೊಂಡೆ, ಎಸೆಯೋಕೂ ಆಗ್ಲಿಲ್ಲ ಅಂದ್ರು.

ನಾನು ಸುಮ್ನೆ ಇದ್ದಿದ್ರೆ ಆಗ್ತಿತ್ತು. ಇಲ್ಲ, ಶುರು ಮಾಡ್ದೆ. ಒಂದೇ ರುಚಿ ತಿಂದು ತಿಂದು ಬೇಜಾರಾಗಿದೆ ನಿಮ್ಗೆ, ಅದು ಸಹಜ, ಒಂದೇ ಊಟದೊಳಗೆ ಕೂಡ ತಿಂತಾ ತಿಂತಾ ಆ ಪದಾರ್ಥದ ಮೇಲಿನ ಆಸೆ ಇಳಿಯತ್ತೆ, ಬೇರೆ ಪದಾರ್ಥ ಬಂದ್ರೆ ಮತ್ತೆ ತಿನ್ನೋಣ ಅನ್ಸತ್ತೆ, 1981ರಷ್ಟು ಹಿಂದೇನೇ ಬಾರ್ಬರಾ ರೋಲ್ಸ್ ಅನ್ನೋ ಸಂಶೋಧಕಿ ಮತ್ತು ಜೊತೆಯವರು ಇದನ್ನ ಪ್ರಯೋಗ ಮಾಡಿ ತೋರಿಸಿದ್ದಾರೆ, ಹೀಗೆಲ್ಲ. ನಾನು ಓದಿರೋದನ್ನ ನಾನೇ ಕೇಳಿಸ್ಕೊಂಡು ಖುಷಿ ಪಡ್ತಿದ್ದೆ ಅಂತ ಈಗ ಅನ್ಸತ್ತೆ.

ಅವರು ಪೂರ್ತಿ ಕೇಳಿ ತಲೆ ಅಲ್ಲಾಡಿಸಿದ್ರು. "ರುಚಿ ಚೆನ್ನಾಗೇ ಇದೆ ಮೇಡಂ. ಭಾನುವಾರ ಸಂಜೆ ಫ್ರಿಜ್ ಬಾಗ್ಲು ತೆಗೆದ್ರೆ 14 ಡಬ್ಬಿ ಸಾಲಾಗಿ ಕಾಣ್ಸತ್ತೆ. ಈ ವಾರ ಒಂದು ಹೊತ್ತಿಗೂ ನನ್ ಜೊತೆ ಯಾರೂ ಕೂತ್ಕೊಳ್ಳಲ್ಲ, ನನ್ನೂ ಯಾರೂ ಕರೆಯಲ್ಲ ಅಂತ ನಾನೇ ಬರೆದು ಅಂಟಿಸಿಟ್ಟಂಗೆ."

ನನ್ ಹತ್ರ ಉತ್ತರ ಇರ್ಲಿಲ್ಲ. ಇಬ್ರೂ ಆ ಟೇಪ್ ನೋಡ್ಕೊಂಡು ಕೂತಿದ್ವಿ. ಸ್ವಲ್ಪ ಹೊತ್ತಾದ್ಮೇಲೆ ಅವರೇ ಇನ್ನೊಂದು ಹೇಳಿದ್ರು, ಹಿಂದಿನ ವಾರ ಆಫೀಸಿನವರೊಬ್ರು ಊಟಕ್ಕೆ ಹೋಗೋಣ ಬನ್ನಿ ಅಂದಿದ್ರಂತೆ, ಇವರು ಡಬ್ಬಿ ಇದೆ ಅಂತ ಹೋಗ್ಲಿಲ್ಲವಂತೆ, ದುಡ್ಡೂ ಉಳೀತು ಅಂತ ಸಮಾಧಾನ ಮಾಡ್ಕೊಂಡ್ರಂತೆ. ನಂಗೆ ನಿಜವಾಗ್ಲೂ ಚುಚ್ಚಿದ್ದು ಇದು, ಆ ಡಬ್ಬಿ ಕಟ್ಟಿಸಿದ್ದು ನಾನಲ್ವಾ.

ಅವತ್ತು ಉಳಿದ ಅರ್ಧ ಗಂಟೆ ಬರೀ ಅಡುಗೆ ಮಾತಾಡಿದ್ವಿ. ಇದನ್ನ ಕೇಳಿದ ನನ್ನ ಜೊತೆ ಕೆಲ್ಸ ಮಾಡೋರೊಬ್ರು, ಒಂಟಿತನದ ಬಗ್ಗೆ ಬಾಯಿ ಬಿಟ್ಟ ಮನುಷ್ಯನಿಗೆ ಕಾಳು ಬೇಯಿಸೋದ್ ಹೇಳ್ಕೊಟ್ಯಾ ಅಂತ ಕೇಳಿದ್ರು. ಹೌದು ಹೇಳ್ಕೊಟ್ಟೆ. ಒಂಟಿತನ ಮುಂದಿನ ಸೆಷನ್ನಿಗೂ ಇರತ್ತೆ, ಅದರ ಕೆಲ್ಸ ನಡೀತಾನೂ ಇದೆ, ಆದ್ರೆ ಆ ಮನುಷ್ಯ ಅವತ್ತು ರಾತ್ರಿ ಏನಾದ್ರೂ ತಿನ್ಬೇಕಲ್ಲ. ಅದೂ ಅಲ್ದೆ ಕೆಟ್ಟ ಸಲಹೆ ಕೊಟ್ಟಿದ್ದು ಅಡುಗೆ ವಿಷ್ಯದಲ್ಲಿ, ತಿದ್ದಬೇಕಾದ್ದೂ ಅಲ್ಲೇ.

ಮೊದ್ಲು ಮಾಡಿದ್ದು, ಟೇಪ್ ಮೇಲೆ ವಾರದ ಹೆಸ್ರು ಬರೆಯೋದು ಬಿಡಿಸಿದ್ದು. ಏನು, ಯಾವ ತಾರೀಖು ಬೇಯಿಸಿದ್ದು, ಅಷ್ಟೇ. "ಕಾಳು, 12" ಅಂತಿದ್ರೆ ಅದು ಸಾಮಾನು, ಬೇಕಾದಾಗ ತಗೊಳ್ಳೋದು. "ಗುರುವಾರ ರಾತ್ರಿ" ಅಂತಿದ್ರೆ ಗುರುವಾರ ರಾತ್ರಿ ಬುಕ್ ಆಯ್ತು. ಸಣ್ಣ ವಿಷ್ಯ ಅನ್ಬೋದು, ನಂಗೆ ಅನ್ಸಲ್ಲ.

ಎರಡನೇದು, ಊಟ ಕಟ್ಟಿಡ್ಬೇಡಿ, ಅರ್ಧ ಕೆಲ್ಸ ಮಾತ್ರ ಮಾಡಿಡಿ ಅಂದೆ. ಕಾಳು ಉಪ್ಪು ಮಾತ್ರ ಹಾಕಿ ಬೇಯಿಸಿ ಇಡೋದು, ಈರುಳ್ಳಿ ಬೆಳ್ಳುಳ್ಳಿ ಟೊಮ್ಯಾಟೊ ಜಾಸ್ತಿ ಹುರಿದು ಇನ್ನೊಂದು ಡಬ್ಬೀಲಿ ಇಡೋದು. ಅದನ್ನ ಸೇರಿಸಿದ್ರೆ ಒಂದು ದಿನ ಪಲ್ಯ, ನೀರು ಹಾಕಿದ್ರೆ ಸೂಪು, ಮೊಟ್ಟೆ ಒಡೆದು ಹಾಕಿದ್ರೆ ಇನ್ನೊಂದು, ಬರೀ ಕಾಳಿಗೆ ನಿಂಬೆರಸ ಹಿಂಡಿ ಹಸೀ ತರಕಾರಿ ಹೆಚ್ಚಿ ಹಾಕಿದ್ರೆ ಮತ್ತೊಂದು. ಹತ್ತು ನಿಮಿಷ ಒಲೆ ಮುಂದೆ ನಿಲ್ಬೇಕಾಗತ್ತೆ, ಅದು ಬೇಕೂಂತಾನೇ. ವಾರಕ್ಕೊಂದ್ಸಲ ಎಲ್ಲ ಮುಗಿಸೋ ಬದ್ಲು ಎರಡು ಸಲ, ಒಂದೊಂದು ಸಲಕ್ಕೆ ನಾಲ್ಕೈದು ಹೊತ್ತಿನಷ್ಟು ಮಾತ್ರ. ಉಳಿದ ಹೊತ್ತು? ಖಾಲಿ. ಆವಾಗ ಬ್ರೆಡ್ಡು ಮೊಟ್ಟೆ ತಿನ್ಲಿ, ಯಾರಾದ್ರೂ ಕರೆದ್ರೆ ಹೋಗ್ಲಿ, ಯಾರೂ ಕರೀದಿದ್ರೆ ಫ್ರೀಜರಲ್ಲಿ ಎರಡು ಡಬ್ಬಿ ಇರತ್ತೆ, ಒಂದು ವಾರ ಮುಟ್ಟದಿದ್ರೂ ಏನೂ ಆಗಲ್ಲ. ಫ್ರೀಜರ್ ಡಬ್ಬಿ ಮಾತ್ರ ತುಂಬಾ ತುಂಬ್ಬೇಡಿ, ನೀರು ಹೆಪ್ಪುಗಟ್ಟಿದ್ರೆ ಶೇಕಡ 9ರಷ್ಟು ಹಿಗ್ಗತ್ತೆ, ಮುಚ್ಚಳ ಎದ್ದು ಬರತ್ತೆ. ಬೆಂದ ಆಲೂಗಡ್ಡೆನೂ ಹಾಕ್ಬೇಡಿ, ಕರಗಿದ್ಮೇಲೆ ನೀರು ನೀರಾಗಿ ಬಾಯಿಗಿಡೋಕಾಗಲ್ಲ.

ಹೊಟ್ಟೆ ಕೆಟ್ಟಿದ್ದು ಯಾಕೆ ಅಂತ ಕೇಳಿದ್ರೆ ಎಲ್ಲ ಹೊರಗೆ ಬಂತು. ಅನ್ನ ದೊಡ್ಡ ಪಾತ್ರೇಲಿ ಮಾಡಿ, ಬಿಸಿ ಇರೋದನ್ನ ಫ್ರಿಜ್ಜಿಗೆ ಇಡ್ಬಾರ್ದು ಅಂತ ರಾತ್ರಿ ಇಡೀ ಹೊರಗೇ ಬಿಟ್ಟು ಬೆಳಿಗ್ಗೆ ಡಬ್ಬಿಗೆ ಹಾಕಿದ್ರು. ಅದರಿಂದಲೇ ಆಯ್ತು ಅಂತ ನಾನು ಹೇಳೋಕಾಗಲ್ಲ, ಡಾಕ್ಟರ್ ಅಲ್ಲ. ಆದ್ರೆ ಅಕ್ಕೀಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣು ಇರ್ಬೋದು, ಬೇಯಿಸಿದ್ರೂ ಸಾಯಲ್ಲ, ಅನ್ನ ಬೆಚ್ಚಗೆ ಕೂತಿದ್ರೆ ಮೊಳೆತು ವಿಷ ಬಿಡತ್ತೆ, ವಾಂತಿ ತರಿಸೋ ಆ ವಿಷ ಆಮೇಲೆ ಎಷ್ಟು ಬಿಸಿ ಮಾಡಿದ್ರೂ ಹೋಗಲ್ಲ. ಚೆನ್ನಾಗಿ ಕುದಿಸ್ಬಿಟ್ರೆ ಆಯ್ತು ಅನ್ನೋ ಧೈರ್ಯ ಇಲ್ಲಿ ನಡೆಯಲ್ಲ. ಅಗಲವಾದ, ಆಳ ಇಲ್ಲದ ಡಬ್ಬಿಗೆ ತೆಳುವಾಗಿ ಹರಡಿ, ಹಬೆ ಹೋದ ತಕ್ಷಣ, ಏನಂದ್ರೂ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗ್ಬೇಕು, ಫ್ರಿಜ್ 4 ಡಿಗ್ರಿ ಸೆಲ್ಸಿಯಸ್ ಹತ್ರ ಇರ್ಬೇಕು, ಅಲ್ಲೂ ಬೇಯಿಸಿದ ಪದಾರ್ಥಕ್ಕೆ ಮೂರರಿಂದ ನಾಲ್ಕು ದಿನ, ಅಷ್ಟೇ. ಅನ್ನ ಆದ್ರೆ ಮಾರನೇ ದಿನವೇ ಮುಗ್ಸಿ. ಅಂದ್ರೆ ನಾನು ಅಷ್ಟು ಸಲೀಸಾಗಿ ಹೇಳಿದ ಇಡೀ ವಾರದ ಪ್ಲಾನು ಫ್ರಿಜ್ ಲೆಕ್ಕದಲ್ಲೇ ನಿಲ್ತಿರ್ಲಿಲ್ಲ, ಭಾನುವಾರ ಮಾಡಿದ್ದು ಶುಕ್ರವಾರ ಶನಿವಾರಕ್ಕೆ ಹೇಗೆ ಬರತ್ತೆ? ಡಬ್ಬಿ ಸಾಲಾಗಿ ಜೋಡಿಸಿ ಫೋಟೋ ಹಾಕೋರು ಆರನೇ ದಿನದ ಫೋಟೋ ಹಾಕಲ್ಲ.

ಕೊನೇಗೆ ಒಂದು ಮಾತು ಕೇಳಿದ್ರು, "ಎಸೆದ್ರೆ ಪಾಪ ಅಲ್ವಾ ಮೇಡಂ?" ಕೆಟ್ಟಿದೆ ಅಂದ್ರೆ ಎಸೀರಿ, ಅದಕ್ಕೆ ನಿಮ್ಮನ್ನ ನೀವು ಬೈಕೋಬೇಡಿ ಅಂದೆ. ಎಸೆಯೋಕೆ ಮನಸ್ಸು ಬರ್ದೆ ತಿಂದು ಮಲಗೋರು, ಎಸೆದ ನಾಚಿಕೆಗೆ ಅಡುಗೆನೇ ಬಿಟ್ಟು ಮತ್ತೆ ಆರ್ಡರಿಗೆ ಹೋಗೋರು, ಎರಡೂ ಥರದವ್ರನ್ನ ನೋಡಿದೀನಿ.

ಈಗ ಮೂರು ತಿಂಗಳು ಆಯ್ತು. ವಾರಕ್ಕೆ ಎರಡು ಸಲ ಬೇಯಿಸ್ತಾರೆ, ಒಂದೊಂದು ವಾರ ಒಂದೇ ಸಲ. ಹೊರಗಿನ ಊಟ ಪೂರ್ತಿ ನಿಂತಿಲ್ಲ, ಅರ್ಧಕ್ಕಿಂತ ಕಮ್ಮಿ ಆಗಿದೆ. ನಿದ್ದೆ ಅಷ್ಟಕ್ಕಷ್ಟೇ. ಆ ಆಫೀಸಿನವರು ಇನ್ನೊಂದ್ಸಲ ಕರೆದಿಲ್ಲವಂತೆ, ನೀವೇ ಕರೀಬೋದಲ್ಲ ಅಂದಿದ್ದಕ್ಕೆ ನೋಡೋಣ ಅಂದ್ರು. ಅವತ್ತಿನ ಡಬ್ಬಿ ನನ್ನ ಟೇಬಲ್ ಮೇಲೇ ಬಿಟ್ಟು ಹೋಗಿದ್ರು, ತೊಳೆದು ಇಟ್ಟಿದ್ದೀನಿ, ಟೇಪ್ ಮಾತ್ರ ಕೀಳೋಕೆ ಬರ್ತಿಲ್ಲ.