ದುಡ್ಡು ಕೇಳಲು ಬಾಯಿ ಬಾರದ ಫೋಟೋಗ್ರಾಫರ್

(ಗುರುತು ಸಿಗದಷ್ಟು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ನನ್ನ ಬಳಿ ಸಲಹೆ ಕೇಳಲು ಬಂದವರು 38 ವರ್ಷದ ಮಹಿಳೆ. ದೊಡ್ಡ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್, 14 ವರ್ಷದ ಅನುಭವ. ಗಂಡನಿಗೂ ಕೆಲಸವಿದೆ. ಮಗಳು ಶಾಲೆಗೆ ಹೋಗುತ್ತಾಳೆ. ಮನೆ ಸಾಲ ಅರ್ಧ ತೀರಿದೆ, ಅರ್ಧ ಬಾಕಿ. ಕೆಲವು ವರ್ಷಗಳಿಂದ ಬಿಡುವಿನಲ್ಲಿ ಜನರ ಪೋರ್ಟ್ರೇಟ್ ತೆಗೆಯುತ್ತಾರೆ. ಈಗ ಅದನ್ನೇ ವೃತ್ತಿ ಮಾಡಿಕೊಳ್ಳುವ ಆಸೆ. ರಾಜೀನಾಮೆ ಪತ್ರ ಆಗಲೇ ಮೊಬೈಲಿನಲ್ಲಿ ಸಿದ್ಧವಾಗಿತ್ತು.

"ಕಳಿಸಲಾ, ಬೇಡವಾ? ಅದೊಂದು ಹೇಳಿಬಿಡಿ ಮೇಡಂ" ಅಂದರು.

ಅದನ್ನು ನಾನು ಹೇಳುವುದಿಲ್ಲ. ಹೇಳಿದರೆ ನಾಳೆ ಎಡವಿದಾಗ "ಅವರು ಹೇಳಿದ್ದಕ್ಕೆ ಬಿಟ್ಟೆ" ಎಂದಾಗುತ್ತದೆ. ಅದರ ಬದಲು, ಆಫೀಸಿನ ಒಂದು ಮಾಮೂಲಿ ದಿನ ಹೇಗಿರುತ್ತದೆ ಎಂದು ಕೇಳಿದೆ. ಬೆಳಿಗ್ಗೆ ಎದ್ದಾಗಲೇ ಸುಸ್ತು. ಮೀಟಿಂಗಿನಲ್ಲಿ ಯಾರು ಏನು ಹೇಳಿದರೂ ಒಳಗೊಳಗೇ ರೇಗುತ್ತದೆ. ಭಾನುವಾರ ಸಂಜೆ ಆಗುತ್ತಿದ್ದ ಹಾಗೆ ಹೊಟ್ಟೆಯಲ್ಲಿ ಸಂಕಟ. ಇದೆಲ್ಲ ಯಾವಾಗಿನಿಂದ ಅಂದೆ. ಹೊಸ ಬಾಸ್ ಬಂದಮೇಲೆ ಅಂದರು. ಕ್ಯಾಮೆರಾ ಹುಚ್ಚು ಯಾವಾಗಿನಿಂದ? ಅದು ಎಷ್ಟೋ ವರ್ಷ ಹಿಂದಿನದು.

ಅಂದರೆ ಇಲ್ಲಿ ಎರಡು ವಿಷಯ ಗಂಟು ಬಿದ್ದಿದ್ದವು. ಒಂದು ಓಡಿಹೋಗಬೇಕು ಅನ್ನಿಸುವ ಜಾಗ. ಇನ್ನೊಂದು ಹೋಗಿ ಸೇರಬೇಕು ಅನ್ನಿಸುವ ಜಾಗ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಬಗ್ಗೆ ವಿವರಣೆ ಕೊಟ್ಟಾಗ ಅದನ್ನು ಕಾಯಿಲೆ ಎನ್ನಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು. ಮೂರು ಲಕ್ಷಣ ಹೇಳಿತು: ಶಕ್ತಿ ಬರಿದಾಗುವುದು, ಕೆಲಸದ ಬಗ್ಗೆ ಜಿಗುಪ್ಸೆ, ತನ್ನ ಕೈಯಲ್ಲಿ ಏನೂ ಆಗುತ್ತಿಲ್ಲ ಎಂಬ ಭಾವನೆ. ಇವರಿಗೆ ಮೊದಲ ಎರಡು ಧಾರಾಳವಾಗಿದ್ದವು. ಈ ಸ್ಥಿತಿಯಲ್ಲಿ ಇರುವವರಿಗೆ ಎದುರಿಗೆ ಕಾಣುವ ಯಾವ ಬಾಗಿಲಾದರೂ ಚೆನ್ನಾಗಿಯೇ ಕಾಣುತ್ತದೆ. ಅದು ಸ್ಟುಡಿಯೋ ಬಾಗಿಲೇ ಆಗಬೇಕಿಲ್ಲ.

ಮೊದಲ ಸಲಹೆ ಅದಕ್ಕೇ ಸಣ್ಣದಿತ್ತು. ಬಾಕಿ ಇರುವ ರಜೆ ತೆಗೆದುಕೊಳ್ಳಿ, 2 ವಾರ. ಆಫೀಸಿನ ಮೇಲ್ ನೋಡಬೇಡಿ. ಮನಸ್ಸಾದರೆ ಮಾತ್ರ ಕ್ಯಾಮೆರಾ ಮುಟ್ಟಿ. ಆ ಪತ್ರ ಮೊಬೈಲಿನಲ್ಲೇ ಇರಲಿ, ಕಳಿಸಬೇಡಿ.

ರಜೆ ಮುಗಿಸಿ ಬಂದಾಗ ಬಾಸ್ ಮೇಲಿನ ಸಿಟ್ಟು ಅರ್ಧ ಇಳಿದಿತ್ತು. ಫೋಟೋ ಆಸೆ ಇಳಿದಿರಲಿಲ್ಲ. ಆಸೆಯೂ ಸಿಟ್ಟಿನ ಜೊತೆಗೇ ಇಳಿದಿದ್ದರೆ ನಮ್ಮ ಮಾತು ಬೇರೆ ಕಡೆ ಹೋಗುತ್ತಿತ್ತು: ಇಲಾಖೆ ಬದಲಾವಣೆ, ಬೇರೆ ಕಂಪನಿ, ಹೀಗೆ.

ರಜೆಯಲ್ಲಿ ತೆಗೆದ ಒಂದು ಚಿತ್ರ ತೋರಿಸಿದರು. ವಯಸ್ಸಾದ ಟೈಲರ್ ಒಬ್ಬರು, ಪಕ್ಕದಲ್ಲಿ ಕಿಟಕಿ. ಅವರ ಮುಖವನ್ನು ಸ್ವಲ್ಪ ಸ್ವಲ್ಪವೇ ಕಿಟಕಿಯಿಂದ ದೂರಕ್ಕೆ ತಿರುಗಿಸಿದರಂತೆ. ಆ ಕಡೆಯ ಕೆನ್ನೆ ನೆರಳಿಗೆ ಹೋಗಿ, ಕಣ್ಣಿನ ಕೆಳಗೆ ಪುಟ್ಟ ತ್ರಿಕೋನದಷ್ಟು ಬೆಳಕು ಉಳಿಯುವವರೆಗೆ. ರೆಂಬ್ರಾಂಟ್ ಲೈಟಿಂಗ್ ಅನ್ನುತ್ತಾರಲ್ಲ, ಅದು. ಎರಡೂ ಕಣ್ಣಲ್ಲಿ ಕಿಟಕಿಯ ಹೊಳಪು ಕೂರುವ ತನಕ ಕ್ಲಿಕ್ ಮಾಡಲಿಲ್ಲವಂತೆ. ಇದನ್ನು ಹೇಳುವಾಗ ಕೈ ಆಡುತ್ತಿತ್ತು, ಬೆನ್ನು ನೆಟ್ಟಗಾಗಿತ್ತು.

"ಇದಕ್ಕೆ ಎಷ್ಟು ತಗೊಂಡ್ರಿ?" ಅಂದೆ.

ಬೆನ್ನು ಮತ್ತೆ ಬಾಗಿತು. "ಅಯ್ಯೋ, ದುಡ್ಡೇನಿಲ್ಲ ಮೇಡಂ. ಸುಮ್ನೆ ತೆಗೆದಿದ್ದು."

ಇದಕ್ಕೆ ಮುಂಚಿನದು? ಅದೂ ಸುಮ್ನೆ. ಗೆಳತಿಯ ಮಗುವಿನದು, ಸಹೋದ್ಯೋಗಿಯ ಅಪ್ಪ ಅಮ್ಮನದು, ಎಲ್ಲವೂ ಸುಮ್ನೆ. ಕೆಲವರು ತಾವಾಗಿಯೇ ಕೊಡಲು ಬಂದಾಗಲೂ ಬೇಡ ಅಂದಿದ್ದರು. ಸಂಬಳ ಬಿಟ್ಟು ಬದುಕಬೇಕಾದ ಕಸುಬಿನಲ್ಲಿ ಇವರು ಈವರೆಗೆ ಯಾರ ಮುಂದೆಯೂ ಒಂದು ಮೊತ್ತ ಹೇಳಿರಲಿಲ್ಲ. ಈ ಪ್ರಕರಣದ ತಿರುಳು ಇಲ್ಲೇ ಇದೆ ಎಂದು ನನಗೆ ಅನ್ನಿಸಿತು. ಕಲೆ ಇದೆಯಾ, ಧೈರ್ಯ ಇದೆಯಾ ಎಂದು ಎಲ್ಲರೂ ಕೇಳುತ್ತಾರೆ. ಬೆಲೆ ಹೇಳಿ ಬಾಯಿ ಮುಚ್ಚಿಕೊಂಡು ಕೂರಲು ಬರುತ್ತಾ ಎಂದು ಯಾರೂ ಕೇಳುವುದಿಲ್ಲ.

ಅಲ್ಲೇ ಒಂದು ಅಭ್ಯಾಸ ಮಾಡಿದೆವು. ನಾನು ಗಿರಾಕಿ. "ನಮ್ಮ ಕುಟುಂಬದ ಫೋಟೋ ಬೇಕಿತ್ತು, ಎಷ್ಟಾಗುತ್ತೆ?" ಅವರು ಮೊತ್ತ ಹೇಳಿದರು. ನಾನು ಸುಮ್ಮನೆ ಕೂತೆ. ಮೂರು ಸೆಕೆಂಡೂ ಆಗಿರಲಿಲ್ಲ, "ಜಾಸ್ತಿ ಅನ್ಸಿದ್ರೆ ಕಡಿಮೆ ಮಾಡ್ಕೊಡ್ತೀನಿ" ಅಂದರು. ನಾನಿನ್ನೂ ಮಾತೇ ಆಡಿರಲಿಲ್ಲ. ಇಬ್ಬರಿಗೂ ನಗು ಬಂತು. ಆಮೇಲೆ ಇದನ್ನೇ ಮತ್ತೆ ಮತ್ತೆ ಮಾಡಿದೆವು. ನಿಯಮ ಒಂದೇ: ಮೊತ್ತ ಹೇಳಿದ ಮೇಲೆ ಎದುರಿನವರು ಮಾತಾಡುವ ತನಕ ತಾವು ಬಾಯಿ ತೆರೆಯಬಾರದು.

ಯಾಕೆ ಇಷ್ಟು ಕಷ್ಟ ಎಂದು ಕೆದಕಿದಾಗ ಎರಡು ಕಾರಣ ಸಿಕ್ಕವು. ದುಡ್ಡು ತೆಗೆದುಕೊಂಡರೆ ತಪ್ಪು ಮಾಡುವ ಹಾಗಿಲ್ಲ ಎಂಬ ಭಯ ಒಂದು. ಇದು ಸಹಜ. ಬಿಟ್ಟಿ ಚಿತ್ರ ಚೆನ್ನಾಗಿ ಬರದಿದ್ದರೆ ಯಾರೂ ಕೇಳುವುದಿಲ್ಲವಲ್ಲ. ಇನ್ನೊಂದು, ದುಡ್ಡು ಸೇರಿದರೆ ಖುಷಿ ಹೋಗಿಬಿಡುತ್ತದೆ ಎಂಬುದು. ಇದರಲ್ಲಿ ಹುರುಳಿಲ್ಲದೆ ಇಲ್ಲ. ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಚಿತ್ರ ಬರೆಯುವುದನ್ನು ಇಷ್ಟಪಡುವ ಪುಟ್ಟ ಮಕ್ಕಳಿಗೆ, ಬರೆದರೆ ಬಹುಮಾನ ಎಂದು ಮೊದಲೇ ಹೇಳಿ ಬರೆಸಿದರು. ಆಮೇಲೆ ಆ ಮಕ್ಕಳು ತಾವಾಗಿಯೇ ಬರೆಯುವುದು ಕಡಿಮೆಯಾಯಿತು. ಮುಂಚೆ ಗೊತ್ತಿಲ್ಲದೆ ಬಹುಮಾನ ಪಡೆದ ಮಕ್ಕಳಲ್ಲಿ ಹೀಗಾಗಲಿಲ್ಲ. ಮಕ್ಕಳ ಪ್ರಯೋಗವನ್ನು ದೊಡ್ಡವರ ಹೊಟ್ಟೆಪಾಡಿಗೆ ಹಾಗೇ ಅನ್ವಯಿಸಲು ಆಗುವುದಿಲ್ಲ, ನಿಜ. ಆದರೂ ಒಂದು ಸಲಹೆ ಕೊಟ್ಟೆ. ತಿಂಗಳಿಗೆ ಒಂದಾದರೂ ಚಿತ್ರ ನಿಮಗಾಗಿ ಇರಲಿ. ಆ ಟೈಲರ್ ಚಿತ್ರದ ಹಾಗೆ. ಅದು ಗಿರಾಕಿಗೂ ಬೇಡ, ಪ್ರಚಾರಕ್ಕೂ ಬೇಡ.

ಒಂದು ಫೋಟೋ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮುಂದಿನ ಭೇಟಿಗೆ ಲೆಕ್ಕ ಬರೆದು ತರಲು ಹೇಳಿದೆ. ಅವರು ಪ್ರಾಜೆಕ್ಟ್ ಮ್ಯಾನೇಜರ್ ಅಲ್ವಾ, ಚೆನ್ನಾಗಿಯೇ ಬರೆದು ತಂದರು. ಕ್ಯಾಮೆರಾ ಹಿಡಿದ ಹೊತ್ತು 2 ಗಂಟೆ. ಅದರ ಹಿಂದೆ ಮುಂದೆ ಫೋನು, ಮೆಸೇಜು, ಹೋಗಿ ಬರುವುದು, ನೂರಾರು ಚಿತ್ರದಲ್ಲಿ ಒಳ್ಳೆಯದನ್ನು ಆರಿಸುವುದು, ಎಡಿಟಿಂಗ್, ಎರಡು ಕಡೆ ಬ್ಯಾಕಪ್, ಕಳಿಸುವುದು, "ಇದರಲ್ಲಿ ನನ್ನ ಗಲ್ಲ ದಪ್ಪ ಕಾಣ್ತಿದೆ" ಅಂದವರಿಗೆ ಮತ್ತೆ ತಿದ್ದಿ ಕೊಡುವುದು. ಎಲ್ಲ ಸೇರಿ 9 ಗಂಟೆ. ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮೊತ್ತವನ್ನು ಅವರು 2ರಿಂದ ಭಾಗಿಸಿದ್ದರು. 9ರಿಂದ ಭಾಗಿಸಿದಾಗ ಮುಖ ಸಪ್ಪೆಯಾಯಿತು. ಅದೂ ಸಲಕರಣೆ, ತೆರಿಗೆ, ಕೆಲಸವಿಲ್ಲದ ವಾರಗಳ ಖರ್ಚು ಕಳೆಯುವ ಮುಂಚೆ.

ಸಲಕರಣೆ ಅಂದಮೇಲೆ ನೆನಪಾಯಿತು. ಹೊಸ ಕ್ಯಾಮೆರಾ, 85 ಎಂಎಂ ಲೆನ್ಸ್, ಎರಡು ಸ್ಟ್ರೋಬ್ (ಫ್ಲ್ಯಾಶ್) ಲೈಟು ಎಂದು ಪಟ್ಟಿಯೇ ಸಿದ್ಧವಿತ್ತು. ಉಳಿತಾಯದಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತಿತ್ತು. ಅವರ ಬಳಿ ಇದ್ದದ್ದು ಎಪಿಎಸ್-ಸಿ ಎಂಬ ಸ್ವಲ್ಪ ಚಿಕ್ಕ ಸೆನ್ಸರಿನ ಹಳೆಯ ಕ್ಯಾಮೆರಾ, 50 ಎಂಎಂ ಲೆನ್ಸ್. ಆ ಸೆನ್ಸರಿನ ಮೇಲೆ ಅದು ಸುಮಾರು 75 ಎಂಎಂ ಹಾಗೆ ಕಾಣುತ್ತದೆ, ಮುಖ ತೆಗೆಯಲು ಧಾರಾಳ ಸಾಕು. ಟೈಲರ್ ಚಿತ್ರವೂ ಅದರಲ್ಲೇ ತೆಗೆದದ್ದು. ಮೊದಲ ಗಿರಾಕಿಗಳ ದುಡ್ಡು ಬರುವ ತನಕ ಏನನ್ನೂ ಕೊಳ್ಳಬೇಡಿ, ಬೇಕಾದರೆ ಬಾಡಿಗೆಗೆ ತನ್ನಿ ಅಂದೆ. ವಸ್ತು ಕೊಂಡಾಗ ಕಸುಬು ಶುರುವಾದ ಹಾಗೆ ಅನ್ನಿಸಿಬಿಡುತ್ತದೆ. ಆ ಭ್ರಮೆ ದುಬಾರಿ.

ನಡುವೆ ಒಮ್ಮೆ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಹೆಸರು ತೆಗೆದರು. 48ನೇ ವಯಸ್ಸಿನಲ್ಲಿ ಮಗಳು ಅಳಿಯ ಕೊಟ್ಟ ಕ್ಯಾಮೆರಾ ಹಿಡಿದು ಹೆಸರಾಂತ ಪೋರ್ಟ್ರೇಟ್ ಕಲಾವಿದೆ ಆದವರು, ಇದು 1863ರ ಕೊನೆಯ ಹೊತ್ತಿನ ಮಾತು. "ನನಗಿನ್ನೂ 38" ಅಂದರು. ವಯಸ್ಸಿನ ವಿಷಯದಲ್ಲಿ ಇದು ಒಳ್ಳೆಯ ಉದಾಹರಣೆಯೇ. ಆದರೆ ಆಕೆ ಸಂಬಳ ಬಿಟ್ಟು ಬಂದವರಲ್ಲ. ಗಂಡನಿಗೆ ಸಿಲೋನಿನಲ್ಲಿ ಕಾಫಿ ತೋಟಗಳಿದ್ದವು. ದೊಡ್ಡವರ ಕಥೆ ಓದುವಾಗ ಮನೆ ಖರ್ಚು ಯಾರು ನೋಡಿಕೊಂಡರು ಎಂದು ಹುಡುಕುವುದು ನನ್ನ ಕೆಟ್ಟ ಅಭ್ಯಾಸ.

ಒಂದು ಭೇಟಿಗೆ ಗಂಡನನ್ನೂ ಕರೆಸಿದೆ. "ಅವರು ಬೇಡ ಅಂದಿಲ್ಲ" ಎಂದು ಈಕೆ ಮೊದಲಿಂದ ಹೇಳುತ್ತಿದ್ದರು. ಹೂಂ ಅಂದಿದ್ದಾರಾ ಅಂದರೆ ಅದಕ್ಕೆ ಉತ್ತರ ಇರಲಿಲ್ಲ. ಆತ ಮಿತಭಾಷಿ. ತುಂಬಾ ಹೊತ್ತಾದ ಮೇಲೆ ಹೇಳಿದರು: "ಬೇಡ ಅಂದ್ರೆ ಕನಸು ಹಾಳು ಮಾಡಿದವನು ಆಗ್ತೀನಿ. ಹೂಂ ಅಂದು ಆಮೇಲೆ ಸಾಲ ಕಟ್ಟೋಕೆ ಆಗದೆ ಇದ್ರೆ, ಆಗ ಸಾಕು ಅನ್ನೋ ಹಕ್ಕೂ ನನಗಿರಲ್ಲ."

ಈ ಮಾತು ಆಕೆಗೆ ಹೊಸದು. ಸಾಕು ಎನ್ನುವ ಹಕ್ಕನ್ನು ಇಬ್ಬರ ಕೈಯಿಂದಲೂ ತೆಗೆದು ಒಂದು ಕಾಗದಕ್ಕೆ ಕೊಟ್ಟರೆ ಹೇಗೆ ಅಂದೆ. ಕೂತು ಬರೆದರು. ಉಳಿತಾಯ 6 ತಿಂಗಳ ಮನೆ ಖರ್ಚಿನಷ್ಟಕ್ಕೆ ಇಳಿದ ದಿನ ಆಕೆ ಮತ್ತೆ ಕೆಲಸ ಹುಡುಕಲು ಶುರು ಮಾಡಬೇಕು. ಹುಡುಕಲೂ ಸಮಯ ಬೇಕು, ಅದಕ್ಕೇ ಸೊನ್ನೆಗೆ ಇಳಿಯುವ ತನಕ ಕಾಯುವ ಹಾಗಿಲ್ಲ. ಹಾಗಾದ ದಿನ ಆತ "ನಾನು ಆಗಲೇ ಹೇಳಿದ್ದೆ" ಅನ್ನಬಾರದು. ಕೊನೆಯ ಸಾಲು ಬರೆಸಿದ್ದು ಆಕೆ.

ಇದಕ್ಕಿಂತ ದೊಡ್ಡ ತೊಡಕು ಮಾತಿನ ನಡುವೆ ಎದ್ದು ಬಂತು, ಮೂವರೂ ಯೋಚಿಸಿರಲಿಲ್ಲ. ಕುಟುಂಬದ ಫೋಟೋ ಬೇಕಾದವರಿಗೆ ಬಿಡುವು ಯಾವಾಗ? ಶನಿವಾರ, ಭಾನುವಾರ, ಸಂಜೆ. ಮಗಳು ಮನೆಯಲ್ಲಿ ಇರುವುದೂ ಆಗಲೇ. "ನನ್ನ ಸಮಯ ನನ್ನದಾಗಬೇಕು" ಎಂದು ಕೆಲಸ ಬಿಡಲು ಹೊರಟವರಿಗೆ, ಸಿಗುವ ಬಿಡುವು ಮಂಗಳವಾರ ಬೆಳಿಗ್ಗೆ 11 ಗಂಟೆಯದು. ಇದನ್ನು ಕೇಳಿ ಆಕೆ ಬೇರೆಲ್ಲದಕ್ಕಿಂತ ಜಾಸ್ತಿ ಕುಗ್ಗಿದರು. ತಿಂಗಳಲ್ಲಿ ಒಂದು ಇಡೀ ವಾರಾಂತ್ಯಕ್ಕೆ ಬುಕಿಂಗ್ ತೆಗೆದುಕೊಳ್ಳುವುದಿಲ್ಲ ಎಂದು ಆ ಕಾಗದಕ್ಕೆ ಸೇರಿಸಿದೆವು. ಇದು ಅರ್ಧ ಪರಿಹಾರ, ಅಷ್ಟೇ.

ಕೊನೆಗೆ ಕೊಟ್ಟ ಸಲಹೆ ಹೀಗಿತ್ತು. ಕೆಲಸದಲ್ಲಿ ಇದ್ದುಕೊಂಡೇ ಶುರು ಮಾಡಿ. 2014ರಲ್ಲಿ ರಾಫಿ ಮತ್ತು ಫೆಂಗ್ ಎಂಬ ಸಂಶೋಧಕರು ಅಮೆರಿಕದ ಅಂಕಿ ಅಂಶ ಇಟ್ಟುಕೊಂಡು ಒಂದು ಅಧ್ಯಯನ ಪ್ರಕಟಿಸಿದರು. ಸಂಬಳದ ಕೆಲಸದಲ್ಲಿ ಇದ್ದುಕೊಂಡೇ ಸ್ವಂತ ಉದ್ಯಮ ಶುರು ಮಾಡಿ ಆಮೇಲೆ ಪೂರ್ತಿ ಇಳಿದವರಲ್ಲಿ, ಒಮ್ಮೆಗೇ ಧುಮುಕಿದವರಿಗಿಂತ, ಉದ್ಯಮ ಕೈಬಿಡುವ ಸಾಧ್ಯತೆ ಸುಮಾರು ಮೂರನೇ ಒಂದು ಭಾಗ ಕಡಿಮೆ ಇತ್ತು. ಶುರು ಮಾಡುವ ಮುಂಚೆ ನೇಮಕಾತಿ ಪತ್ರ ತೆಗೆದು ಓದಿ, ಹೊರಗಿನ ಕೆಲಸಕ್ಕೆ ಅನುಮತಿ ಬೇಕು ಎಂದಿದ್ದರೆ ಕೇಳಿ ಪಡೆಯಿರಿ. ಕಂಪನಿಯ ಆರೋಗ್ಯ ವಿಮೆ ಹೋದರೆ ಏನು ಮಾಡುತ್ತೀರಿ ಎಂದು ಈಗಲೇ ನೋಡಿ. ಪ್ರಚಾರಕ್ಕೆ ಬಳಸುವ ಪ್ರತಿ ಮುಖಕ್ಕೂ ಲಿಖಿತ ಒಪ್ಪಿಗೆ ಇರಲಿ, ಮಕ್ಕಳಾದರೆ ತಂದೆ ತಾಯಿಯದು. ಎಡಿಟಿಂಗ್ ರಾತ್ರಿ ಊಟದ ನಂತರ ಬೇಡ. ನಿದ್ದೆ ಕೆಟ್ಟರೆ ಹಳೆಯ ಕಥೆಯೇ ಮರುಕಳಿಸುತ್ತದೆ. ಪರಿಚಯದವರಿಗೂ ಬೆಲೆ ಹೇಳಿ, ಬೇಕಿದ್ದರೆ ಬಿಲ್ಲಿನಲ್ಲೇ ರಿಯಾಯಿತಿ ತೋರಿಸಿ.

ರಾಜೀನಾಮೆಗೆ ತಾರೀಖು ಇಡಬೇಡಿ, ಷರತ್ತು ಇಡಿ ಅಂದೆ. ಅವರು ಇಟ್ಟ ಷರತ್ತು: ಗೆಳೆಯರು, ಸಂಬಂಧಿಕರ ಪೈಕಿ ಅಲ್ಲದ ಅಪರಿಚಿತರಿಂದ ಬಂದ ಆದಾಯ, ಖರ್ಚು ಕಳೆದು, ಸತತ 4 ತಿಂಗಳು ಸಂಬಳದ ಮೂರನೇ ಒಂದು ಭಾಗ ಮುಟ್ಟಬೇಕು. ನನ್ನ ಪ್ರಕಾರ ಅರ್ಧ ಇರಬೇಕಿತ್ತು. ಅವರು ಒಪ್ಪಲಿಲ್ಲ. ಲೆಕ್ಕ ಅವರದ್ದು, ಬಿಟ್ಟುಕೊಟ್ಟೆ.

ಷರತ್ತು ಮುಟ್ಟಲು ಒಂದು ವರ್ಷದ ಮೇಲಾಯಿತು. ಮುಟ್ಟಿದ ರೀತಿ ಅವರ ಕಲ್ಪನೆಯಲ್ಲಿ ಇರಲಿಲ್ಲ. ಕುಟುಂಬದ ಫೋಟೋಗಳು ಅಷ್ಟಕ್ಕಷ್ಟೇ. ಜಾಸ್ತಿ ಕೆಲಸ ಬಂದದ್ದು ಕಂಪನಿಗಳಿಂದ. ಸಿಬ್ಬಂದಿಯ ಹೆಡ್‌ಶಾಟ್, ಮ್ಯಾನೇಜರುಗಳ ಪ್ರೊಫೈಲ್ ಚಿತ್ರ. ತಪ್ಪಿಸಿಕೊಂಡು ಹೋಗಬೇಕು ಎಂದಿದ್ದ ಜಾಗಕ್ಕೇ ಲೈಟು ಹೊತ್ತುಕೊಂಡು ವಾಪಸ್ ಹೋಗುವ ಹಾಗಾಯಿತು ಎಂದು ಬೇಸರಪಟ್ಟರು. ನಾನು ಎರಡು ವಿಷಯ ನೆನಪಿಸಿದೆ. ಇದು ವಾರದ ದಿನದ ಕೆಲಸ, ಶನಿವಾರ ಭಾನುವಾರ ಉಳಿಯಿತು. ಇನ್ನೊಂದು, ಆಫೀಸಿನ ಜನ ಕ್ಯಾಮೆರಾ ಮುಂದೆ ಯಾಕೆ ಬಿಗಿಯಾಗಿ ಕೂರುತ್ತಾರೆ ಎಂದು ಇವರಿಗೆ ಗೊತ್ತಿರುವಷ್ಟು ಬೇರೆ ಫೋಟೋಗ್ರಾಫರಿಗೆ ಗೊತ್ತಿರುವುದು ಕಷ್ಟ. ಅದನ್ನು ಬೆಲೆಗೆ ಸೇರಿಸಿ ಅಂದೆ. ಸೇರಿಸಿದರು.

ಪತ್ರ ಕಳಿಸಿ ಈಗ ಕೆಲವು ತಿಂಗಳಾಗಿವೆ. ಸಂಬಳದಷ್ಟು ಆದಾಯ ಇನ್ನೂ ಇಲ್ಲ, ಆದರೆ ಉಳಿತಾಯ ಆ ಗೆರೆಗಿಂತ ಮೇಲೇ ಇದೆ. ಭಾನುವಾರ ಸಂಜೆಯ ಸಂಕಟ ಹೋಗಿದೆ. ಅದರ ಜಾಗಕ್ಕೆ ರಾತ್ರಿ 11ಕ್ಕೂ ಗಿರಾಕಿಗಳ ಮೆಸೇಜಿಗೆ ಉತ್ತರ ಕೊಡುವ ಚಟ ಬಂದಿದೆ. ಸದ್ಯ ನಾವು ಮಾತಾಡುತ್ತಿರುವುದು ಅದರ ಬಗ್ಗೆ. ಸಂಜೆ 7ರ ನಂತರದ ಮೆಸೇಜಿಗೆ ಬೆಳಿಗ್ಗೆ ಉತ್ತರ ಎಂದು ಬುಕಿಂಗ್ ಫಾರಂನಲ್ಲೇ ಒಂದು ಸಾಲು ಹಾಕಲು ಹೇಳಿದ್ದೇನೆ. ಗಿರಾಕಿ ಕೈ ತಪ್ಪಿದರೆ ಎಂಬ ಭಯ ಅವರಿಗೆ. ಒಂದು ತಿಂಗಳು ಹಾಕಿ ನೋಡುವುದಕ್ಕೆ ಒಪ್ಪಿದ್ದಾರೆ.